ಬಟ್ಟೆ ಬಂದ ಬಟ್ಟೆ

ಹಳಗನ್ನಡದಲ್ಲಿ ‘ಬಟ್ಟೆ’ ಎಂದರೆ ದಾರಿ. ಹೆದ್ದಾರಿಯು ಹೆಬ್ಬಟ್ಟೆ, ದಾರಿಗನು ಬಟ್ಟೆಗ, ದಾರಿ ತಪ್ಪಿದವನು ಬಟ್ಟೆಗೆಟ್ಟವನು. ಕಾಲಕ್ರಮದಲ್ಲಿ ಆ ಅರ್ಥವು ಸವೆದು, ಉಡುವ ಅರಿವೆ ಎಂಬ ಅರ್ಥವೊಂದೇ ಜನರ ನಾಲಗೆಯ ಮೇಲೆ ಉಳಿದಿದೆ. ವ್ಯುತ್ಪತ್ತಿಯ ದೃಷ್ಟಿಯಿಂದ ಇವೆರಡಕ್ಕೂ ಸಂಬಂಧವಿರಲಿ, ಇಲ್ಲದಿರಲಿ, ಎರಡು ಅರ್ಥಗಳನ್ನೂ ಒಂದೆಡೆ ಇಟ್ಟು ಕೇಳಬೇಕಾದ ಪ್ರಶ್ನೆಯೊಂದು ಇಂದು ಒದಗಿದೆ: ಮೈಮೇಲಿರುವ ಈ ಬಟ್ಟೆಯು ಯಾವ ಬಟ್ಟೆಯನ್ನು ಹಿಡಿದು ಇಲ್ಲಿಗೆ ಬಂದಿತು?

ಎರಡು ತಲೆಮಾರುಗಳ ಹಿಂದೆ ಈ ಪ್ರಶ್ನೆಗೆ ಹೊಸಪೇಟೆಯ ಯಾವ ಗೃಹಿಣಿಯಾದರೂ ಥಟ್ಟನೆ ಉತ್ತರ ಹೇಳುತ್ತಿದ್ದಳು. ಸೀರೆ ಇಳಕಲ್ಲಿನದು, ಕುಬಸದ ಖಣ ಗುಳೇದಗುಡ್ಡದ್ದು, ಹೊದೆಯುವ ಕಂಬಳಿ ಕುರುಬರು ನೇಯ್ದದ್ದು, ಮಕ್ಕಳ ಅಂಗಿ ಹೊಲಿದವನು ಓಣಿಯ ತುದಿಯ ದರ್ಜಿ. ಯುಗಾದಿಗೋ ದೀಪಾವಳಿಗೋ ಒಮ್ಮೆ, ಮನೆಯಲ್ಲಿ ಮದುವೆ ಬಂದರೆ ಮತ್ತೊಮ್ಮೆ, ಜವಳಿ ಅಂಗಡಿಯ ಮೆಟ್ಟಿಲು ಹತ್ತುವುದು ವಾಡಿಕೆ. ಬೆಳೆಯುವ ಹುಡುಗನೆಂದು ಅಂಗಿಯನ್ನು ಒಂದಿಷ್ಟು ದೊಡ್ಡದಾಗಿಯೇ ಹೊಲಿಸುತ್ತಿದ್ದರು. ಆ ಅಂಗಿ ಅಣ್ಣನಿಂದ ತಮ್ಮನಿಗೆ ಇಳಿಯದೆ ಮನೆ ಬಿಡುತ್ತಿರಲಿಲ್ಲ.

ಇಂದು ಜವಳಿ ಅಂಗಡಿಯೇ ಅಂಗೈಗೆ ಬಂದಿದೆ. ಮೊಬೈಲಿನ ತೆರೆಯ ಮೇಲೆ ಬೆರಳಾಡಿಸಿದರೆ ಅಂಗಿ, ಕುರ್ತಾ, ಸೀರೆಗಳು ಸಾಲುಗಟ್ಟಿ ನಿಲ್ಲುತ್ತವೆ. ಕೆಲವಕ್ಕೆ ಹೋಟೆಲಿನ ಎರಡು ಊಟದ ಬೆಲೆಯೂ ಇಲ್ಲ. ಹೊಸಪೇಟೆಯ ಓಣಿಗಳಿಗೆ ಬರುವಂತೆಯೇ ಪಾರ್ಸೆಲ್ ಚೀಲಗಳು ಕಂಪ್ಲಿಯ ಕೋಟೆಯ ಮನೆಗಳಿಗೂ ಸಂಡೂರಿನ ಗುಡ್ಡದ ಮಗ್ಗುಲಿನ ತಾಂಡಾಗಳಿಗೂ ಬರುತ್ತವೆ. ಹಿಡಿಸದಿದ್ದರೆ ಹಿಂದಿರುಗಿಸಬಹುದು. ಹಿಡಿಸಿದರೂ ಎರಡು ಒಗೆತಕ್ಕೆ ಬಣ್ಣ, ನಾಲ್ಕು ಒಗೆತಕ್ಕೆ ಹೊಲಿಗೆ ಬಿಡುವುದುಂಟು. ಆದರೂ ಯಾರಿಗೂ ದುಃಖವಿಲ್ಲ. ‘ಕೊಟ್ಟದ್ದಕ್ಕೆ ಇಷ್ಟೇ’ ಎಂಬುದೊಂದು ಸಮಾಧಾನದ ಮಾತು ಸಿದ್ಧವಾಗಿದೆ. ಕೊಂಡವನು ಕೊಟ್ಟದ್ದು ಮುನ್ನೂರು ರೂಪಾಯಿ ಇರಬಹುದು. ಹತ್ತಿ ಬೆಳೆದು, ನೂಲು ತೆಗೆದು, ಬಣ್ಣ ಹಾಕಿ, ಹೊಲಿದು, ಸಾವಿರಾರು ಹರಿದಾರಿ ಸಾಗಿಸುವ ಕೆಲಸವೆಲ್ಲ ಮುನ್ನೂರು ರೂಪಾಯಿಯಲ್ಲಿ ಮುಗಿಯುವುದಾದರೆ, ಮಿಕ್ಕದ್ದನ್ನು ಮತ್ತೆ ಯಾರೋ ತೆರುತ್ತಿರಬೇಕು.

ಈ ವಿಚಾರವು ಸರಕಾರದ ಗಮನಕ್ಕೆ ಬಂದ ಬಗೆಯೂ ವಿಚಿತ್ರವಾದುದು. ಚೀನಾ ಮೂಲದ ಶೀಇನ್ ಎಂಬ ಉಡುಪಿನ ಆಪ್ ಅನ್ನು 2020ರ ಜೂನಿನಲ್ಲಿ ಭಾರತವು ನಿಷೇಧಿಸಿತು. 2025ರಲ್ಲಿ ಆ ಹೆಸರು ಭಾರತದ್ದೇ ಒಂದು ದೊಡ್ಡ ಸಂಸ್ಥೆಯ ಮುಖಾಂತರ ಮರಳಿ ಬಂದಿತು. ನಿಷೇಧಕ್ಕೆ ಕೊಟ್ಟ ಕಾರಣ ದೇಶದ ಭದ್ರತೆ, ಬಳಕೆದಾರರ ಮಾಹಿತಿಯ ರಕ್ಷಣೆ. ಬಟ್ಟೆಯ ಧರ್ಮಾಧರ್ಮಗಳನ್ನು ಆಗಲೂ ಯಾರೂ ಕೇಳಲಿಲ್ಲ, ಮರಳಿ ಬಂದಾಗಲೂ ಕೇಳಲಿಲ್ಲ.

ದೂರದ ಬಟ್ಟೆಯನ್ನು ಕೊಳ್ಳುವುದೇ ತಪ್ಪೆಂದು ಹೇಳಲು ಈ ಸೀಮೆಯವರಿಗೆ ಬಾಯಿಲ್ಲ. ಹಂಪಿಯ ಬಜಾರುಗಳಲ್ಲಿ ಪರದೇಶದ ಸರಕಿಗೇನು ಕೊರತೆಯಿತ್ತು? 1443ರಲ್ಲಿ ಬಂದ ಅಬ್ದುರ್ ರಜಾಕ್, 1520ರ ಸುಮಾರಿನಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಪೇಸ್ ಇಬ್ಬರೂ ಆ ಪೇಟೆಗಳ ಸಿರಿಯನ್ನು ಕಂಡು ಬೆರಗಾದವರೇ. ಆದರೆ ಆ ಕಾಲದ ಶಾಸನಗಳಲ್ಲಿ ‘ಮಗ್ಗದೆರೆ’ ಎಂಬ ತೆರಿಗೆಯ ಹೆಸರು ಬರುತ್ತದೆ. ನೇಕಾರನಿಗೆ ಅದು ಹೊರೆಯಾಗಿದ್ದಿರಬೇಕು, ಸಂಶಯವಿಲ್ಲ. ಹಾಗಿದ್ದರೂ ತೆರಿಗೆಯ ನೆವದಿಂದಲಾದರೂ ಮಗ್ಗವು ಅರಸನ ಲೆಕ್ಕಕ್ಕೆ ಸಿಕ್ಕಿತ್ತು. ಶರಣರಲ್ಲಿ ಆದ್ಯನೆನಿಸಿದ ಜೇಡರ ದಾಸಿಮಯ್ಯನು ಕಸುಬನ್ನು ಹೆಸರಿನ ಮುಂದೆಯೇ ಧರಿಸಿದವನು. ಜೇಡ ಎಂದರೆ ನೇಕಾರ. ಅಂಥ ನಾಡಿನಲ್ಲಿ ಇಂದು ಮೊಬೈಲಿನ ತೆರೆಯ ಮೇಲೆ ತೊಟ್ಟು ತೋರಿಸುವ ಚೆಲುವೆಯ ಮುಖವಿದೆ, ಕೊಂಡವರು ಕೊಟ್ಟ ನಕ್ಷತ್ರಗಳ ಎಣಿಕೆಯಿದೆ, ನೇಯ್ದವನ ಸುಳಿವು ಮಾತ್ರ ಎಲ್ಲಿಯೂ ಇಲ್ಲ.

ಮಿಕ್ಕ ಬೆಲೆಯನ್ನು ತೆರುವವರಲ್ಲಿ ನೀರು ಮೊದಲನೆಯದು. ಹತ್ತಿಯ ಒಂದು ಟೀ ಶರ್ಟಿನ ಹಿಂದೆ, ಹೊಲದಿಂದ ಅಂಗಡಿಯವರೆಗೆ, ಸುಮಾರು 2,700 ಲೀಟರ್ ನೀರು ವೆಚ್ಚವಾಗುತ್ತದೆಂದು ಅಂತರರಾಷ್ಟ್ರೀಯ ಪರಿಸರ ಸಂಸ್ಥೆಗಳು ಲೆಕ್ಕ ಹಾಕಿವೆ. ದಿನಕ್ಕೆ ಮೂರು ಲೀಟರ್ ಕುಡಿಯುವ ಮನುಷ್ಯನಿಗೆ ಇದು ಎರಡೂವರೆ ವರ್ಷದ ನೀರು. ಒಂದು ಜೀನ್ಸ್ ಪ್ಯಾಂಟಿಗೆ ವಿಶ್ವಸಂಸ್ಥೆಯವರು ಹೇಳುವ ಲೆಕ್ಕ ಸುಮಾರು 7,500 ಲೀಟರ್. ತುಂಗಭದ್ರೆಯ ದಂಡೆಯವರಿಗೆ ನೀರಿನ ಲೆಕ್ಕವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಹೊಸಪೇಟೆಯಿಂದ ಕಂಪ್ಲಿಯವರೆಗೆ ಭತ್ತ ನಾಟಿ ಮಾಡಿದ ರೈತರು ಕಣ್ಣಿಗೆ ನಿದ್ದೆಯಿಲ್ಲದೆ ದಿನಗಳನ್ನು ಕಳೆದರು. ಅಂದು ಹರಿದುಹೋದ ಪ್ರತಿಯೊಂದು ಟಿ.ಎಂ.ಸಿ. ಪತ್ರಿಕೆಗಳಲ್ಲಿ ಎಣಿಕೆಯಾಯಿತು. ಅಂಗಿಯೊಳಗೆ ಹರಿದುಹೋಗುವ ನೀರನ್ನು ಎಣಿಸುವ ಪರಿಪಾಠ ಮಾತ್ರ ಇನ್ನೂ ಬಂದಿಲ್ಲ.

ಜೀನ್ಸಿನ ಮಾತು ಬಂದಮೇಲೆ ಬಳ್ಳಾರಿಯನ್ನು ಬಿಡುವಂತಿಲ್ಲ. ಹೊಸಪೇಟೆಯಿಂದ ಅರವತ್ತು ಕಿಲೋಮೀಟರಿನಷ್ಟು ಆಚೆ ಇರುವ ಆ ನಗರದಲ್ಲಿ ಜೀನ್ಸ್ ಹೊಲಿಯುವ ನೂರಾರು ಘಟಕಗಳಿವೆ. ಸಾವಿರಾರು ಕುಟುಂಬಗಳ ಅನ್ನ ಅದರಿಂದ ನಡೆಯುತ್ತದೆ. ಅದನ್ನು ಹಳಿಯುವುದು ಸಲ್ಲದು. ಆದರೆ ಹೊಲಿದ ಪ್ಯಾಂಟು ಹೊಸದಾಗಿ ಕಂಡರೆ ಇಂದಿನ ಗಿರಾಕಿಗೆ ರುಚಿಸುವುದಿಲ್ಲ; ಹತ್ತು ವರ್ಷ ತೊಟ್ಟಂತೆ ಮಾಸಿರಬೇಕು, ಮೊಣಕಾಲಿನಲ್ಲಿ ತೇಯ್ದಿರಬೇಕು. ಅದಕ್ಕಾಗಿ ಕಲ್ಲಿನೊಡನೆ ತಿರುವುತ್ತಾರೆ, ರಾಸಾಯನಿಕಗಳನ್ನು ಸಿಂಪಡಿಸುತ್ತಾರೆ, ಮತ್ತೆ ಮತ್ತೆ ತೊಳೆಯುತ್ತಾರೆ. ನೀಲಿಯಾದ ಆ ನೀರು ಸಂಸ್ಕರಣೆಯಿಲ್ಲದೆ ಚರಂಡಿಯನ್ನು ಸೇರುತ್ತದೆಂಬುದು ಅಲ್ಲಿಯ ಹಳೆಯ ದೂರು. ಹರಿದುದನ್ನು ಹೊಲಿಯುವವನಿಗೆ ಹಿಂದೆ ದರ್ಜಿಯೆಂದು ಹೆಸರಿತ್ತು. ಹೊಲಿದುದನ್ನು ಹಣ ಕೊಟ್ಟು ಹರಿಸಿಕೊಳ್ಳುವವನಿಗೆ ಕನ್ನಡ ನಿಘಂಟು ಇನ್ನೂ ಹೆಸರಿಟ್ಟಿಲ್ಲ. ಕೊಳ್ಳುವವನು ಮಾಸಲು ಬೇಡವೆಂದರೆ ತೊಳೆಯುವವನು ಅಷ್ಟು ನೀರನ್ನು ಏಕೆ ಸುರಿದಾನು? ಮಾಲಿನ್ಯದ ಹೊಣೆಯೆಲ್ಲವನ್ನೂ ಬಳ್ಳಾರಿಯ ಸಣ್ಣ ಘಟಕದವನ ತಲೆಗೆ ಕಟ್ಟುವುದು ಸುಲಭ, ನ್ಯಾಯವಲ್ಲ.

ನೀರಿನ ಬಳಿಕ ಕೈ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಬಳಿಯ ಸಾವಾರಿನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಪರದೇಶಕ್ಕೆ ಅಗ್ಗದ ಉಡುಪು ಹೊಲಿಯುತ್ತಿದ್ದ ಹೆಣ್ಣುಮಕ್ಕಳು. ಗೋಡೆ ಬಿರುಕು ಬಿಟ್ಟದ್ದು ಹಿಂದಿನ ದಿನವೇ ಕಂಡಿತ್ತು. ಗಡುವಿನೊಳಗೆ ಸರಕು ಮುಟ್ಟಬೇಕೆಂದು ಅವರನ್ನು ಮರುದಿನವೂ ಕೆಲಸಕ್ಕೆ ಕರೆದರು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಉತ್ತರ ಕರ್ನಾಟಕದ ಹಳ್ಳಿಗಳಿಂದ ಹೋದ ಹೆಣ್ಣುಮಕ್ಕಳು ಎಷ್ಟೋ ಜನ. 2016ರ ಏಪ್ರಿಲಿನಲ್ಲಿ, ಭವಿಷ್ಯನಿಧಿಯ ಹಣ ತೆಗೆಯುವ ನಿಯಮವನ್ನು ಬಿಗಿಗೊಳಿಸಿದಾಗ, ಸಾವಿರಾರು ಮಂದಿ ಕಾರ್ಖಾನೆ ಬಿಟ್ಟು ಬೀದಿಗಿಳಿದರು. ಸರಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ನಗರವು ಅವರ ಮುಖವನ್ನು ಹಾಗೆ ಒಟ್ಟಾಗಿ ಕಂಡದ್ದು ಅದೇ ಮೊದಲೆಂದರೂ ಸಂದೀತು.

ಇನ್ನು ಸಂಡೂರು. ಅಗ್ಗದ ಬೆಲೆಯ ಪಾಠವನ್ನು ಈ ಊರು ಬಟ್ಟೆಗಿಂತ ಮೊದಲು ಮಣ್ಣಿನಿಂದ ಕಲಿತಿದೆ. ಕಬ್ಬಿಣದ ಅದಿರು ಲಾರಿಗಟ್ಟಲೆ ಹೋದ ವರ್ಷಗಳಲ್ಲಿ ಗುಡ್ಡ ಕರಗಿತು, ಕೆಂಪು ಧೂಳು ಬೆಳೆಯ ಮೇಲೆ ಕುಳಿತಿತು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಅದಿರಿನ ಬೆಲೆಯಲ್ಲಿ ಗುಡ್ಡದ ಬೆಲೆ ಸೇರಿರಲಿಲ್ಲವೆಂಬುದು ಆಗ ಎಲ್ಲರಿಗೂ ತಿಳಿಯಿತು.

ಅದೇ ಸಂಡೂರಿನ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳ ಕಸೂತಿಯಿದೆ. ಪೇಟಿಯಾ, ಕಾಂಚಳಿಗಳ ಮೇಲೆ ಕನ್ನಡಿಯ ಚೂರು, ಕವಡೆ, ಬಣ್ಣದ ನೂಲುಗಳನ್ನು ಕೂಡಿಸಿ ಹಾಕುವ ಆ ಹೊಲಿಗೆಗಳಿಗೆ ಕಿಲಣ, ವೇಲೆ, ಮಾಕಿ, ನಾಕ್ರಾ ಎಂದು ಬೇರೆ ಬೇರೆ ಹೆಸರುಗಳುಂಟು. ಬರೆದಿಟ್ಟ ನಕ್ಷೆಯಿಲ್ಲ, ತಾಯಿಯ ಬೆರಳನ್ನು ಮಗಳ ಕಣ್ಣು ಅನುಸರಿಸುವುದೇ ಅಲ್ಲಿಯ ಪಾಠಶಾಲೆ. 1988ರಲ್ಲಿ ಸ್ಥಾಪಿತವಾದ ಸಂಡೂರು ಕುಶಲ ಕಲಾ ಕೇಂದ್ರವು ಈ ವಿದ್ಯೆಗೆ ಒಂದು ನೆಲೆಯನ್ನೂ ಮಾರುಕಟ್ಟೆಯನ್ನೂ ಒದಗಿಸಿತು. ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. 2023ರ ಜುಲೈಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆ ಹಂಪಿಯಲ್ಲಿ ಕೂಡಿದಾಗ, 450ಕ್ಕೂ ಹೆಚ್ಚು ಹೆಣ್ಣುಮಕ್ಕಳು ಹೊಲಿದ 1,755 ವಸ್ತುಗಳನ್ನು ಒಂದೆಡೆ ಪ್ರದರ್ಶಿಸಲಾಯಿತು. ಅದು ಗಿನ್ನೆಸ್ ದಾಖಲೆಯೂ ಆಯಿತು.

ದಾಖಲೆ ಆದದ್ದು ಸಂತೋಷ. ಆದರೆ ಮೊಬೈಲಿನ ಅಂಗಡಿಯಲ್ಲಿ ‘ಬಂಜಾರಾ’ ಎಂದು ಹುಡುಕಿದವನ ಮುಂದೆ ಮೊದಲು ಬಂದು ನಿಲ್ಲುವುದು ಯಂತ್ರ ಹೊಲಿದ ಅನುಕರಣೆ. ಕೆಲವೆಡೆ ಹೊಲಿಗೆಯೂ ಇಲ್ಲ, ಹೊಲಿಗೆಯ ಚಿತ್ರವನ್ನು ಪಾಲಿಯೆಸ್ಟರಿನ ಮೇಲೆ ಅಚ್ಚೊತ್ತಿದ್ದು. ಕೈಯಿಂದ ದಿನಗಟ್ಟಲೆ ಕುಳಿತು ಮಾಡಿದ ಚೀಲವೂ ಗಳಿಗೆಯಲ್ಲಿ ಅಚ್ಚಾದ ಚೀಲವೂ ಅಂಗೈಯಗಲದ ತೆರೆಯ ಮೇಲೆ ಒಂದೇ ತೆರನಾಗಿ ಕಾಣುತ್ತವೆ. ಬೇರೆಯಾಗಿ ಕಾಣುವುದು ಬೆಲೆ ಮಾತ್ರ. ಹೀಗಾದಾಗ ಕೊಳ್ಳುವವನ ಬೆರಳು ಎತ್ತ ಹೋಗುವುದೆಂದು ಊಹಿಸುವುದು ಕಷ್ಟವಲ್ಲ. ಹೊಲಿಗೆ ಕಲಿತರೆ ಕೂಲಿಯಷ್ಟೂ ಹುಟ್ಟುವುದಿಲ್ಲವೆಂದು ಮಗಳು ತಾಯಿಯ ಬೆರಳಿನಿಂದ ಕಣ್ಣು ತೆಗೆದರೆ, ಅವಳನ್ನು ಆಕ್ಷೇಪಿಸುವ ಅಧಿಕಾರ ಅಗ್ಗದ ಚೀಲ ಕೊಂಡವರಿಗಂತೂ ಇಲ್ಲ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ, ಮತ್ತು ಅದು ಬಲವಾದದ್ದು. ಕಂಪ್ಲಿಯ ಗದ್ದೆಯಲ್ಲಿ ನಾಟಿ ಮಾಡುವ ಕೂಲಿಕಾರಳು ಮಗಳಿಗೆ ಹಬ್ಬಕ್ಕೆ ಇನ್ನೂರು ರೂಪಾಯಿಯ ಫ್ರಾಕು ತರಿಸಿದರೆ ಅದರಲ್ಲಿ ಅಧರ್ಮವೇನು? ಏನೂ ಇಲ್ಲ. ಒಂದೇ ಅಂಗಿಯನ್ನು ರಾತ್ರಿ ಒಗೆದು ಬೆಳಿಗ್ಗೆ ಹಸಿಯಾಗಿಯೇ ತೊಟ್ಟು ಶಾಲೆಗೆ ಬರುತ್ತಿದ್ದ ಮಕ್ಕಳನ್ನು ಹಿರಿಯ ಶಿಕ್ಷಕರು ಕಂಡಿದ್ದಾರೆ. ಅಗ್ಗದ ಬಟ್ಟೆ ಆ ಮಕ್ಕಳ ಮಾನವನ್ನು ಕಾಯ್ದಿದೆ. ಅವರಿಗೆ ಕೈಮಗ್ಗದ ಮಹಿಮೆಯನ್ನು ಉಪದೇಶಿಸುವುದು ಹಸಿದವನಿಗೆ ಉಪವಾಸದ ಫಲಶ್ರುತಿ ಓದಿದಂತೆ. ಪ್ರಶ್ನೆ ಇರುವುದು ಬೀರುವಿನ ಬಾಗಿಲು ಮುಚ್ಚಲಾರದಷ್ಟು ಬಟ್ಟೆಯುಳ್ಳವರಿಗೆ, ಬೇಸರ ಕಳೆಯಲೆಂದು ರಾತ್ರಿ ಹತ್ತಕ್ಕೆ ಮತ್ತೊಂದನ್ನು ತರಿಸುವವರಿಗೆ. ಅಗ್ಗದ ವಸ್ತುವನ್ನು ಬಡವನು ಒಂದು ಕೊಳ್ಳುತ್ತಾನೆ. ಉಳ್ಳವನು ಹತ್ತು ಕೊಳ್ಳುತ್ತಾನೆ.

ಕೊಂಡದ್ದು ಎಲ್ಲಿಗೆ ಹೋಗುತ್ತದೆ ಎಂಬುದೂ ದಾರಿಯ ಪ್ರಶ್ನೆಯೇ. ಈ ಸೀಮೆಯ ಅಜ್ಜಿಯರಿಗೆ ಬಟ್ಟೆಯ ಅಂತ್ಯಸಂಸ್ಕಾರ ಗೊತ್ತಿತ್ತು. ಸೀರೆ ಹಳತಾದರೆ ತೊಟ್ಟಿಲಿನ ಹಾಸಿಗೆ. ಅದರ ಗಟ್ಟಿ ಭಾಗ ಕೌದಿಯ ತೇಪೆ. ಕೌದಿಯೂ ಸವೆದರೆ ನೆಲ ಒರಸುವ ಅರಿವೆ. ಕಡೆಗೆ ಒಲೆಯ ಬುಡದ ಮಸಿಬಟ್ಟೆ. ಒಂದೊಂದು ಕೌದಿಯಲ್ಲಿ ಮನೆಯ ಮೂರು ತಲೆಮಾರುಗಳ ಸೀರೆಯಂಚುಗಳನ್ನು ಗುರುತಿಸಬಹುದಿತ್ತು. ಪಾಲಿಯೆಸ್ಟರಿನಿಂದ ಅಂಥ ಕೌದಿ ಆಗದು: ಬೆವರು ಹೀರದು, ಮೈಮೇಲೆ ನಿಲ್ಲದೆ ಜಾರುತ್ತದೆ, ಒಲೆಯ ಬಳಿ ತಂದರೆ ಕರಗಿ ಕೈಗೆ ಅಂಟುತ್ತದೆ. ಇಂದು ಜಗತ್ತಿನಲ್ಲಿ ತಯಾರಾಗುವ ನೂಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಈ ಪೆಟ್ರೋಲಿಯಂ ಮೂಲದ ಪಾಲಿಯೆಸ್ಟರೇ. ಒಗೆದಾಗಲೆಲ್ಲ ಅದರ ಸೂಕ್ಷ್ಮ ಎಳೆಗಳು ನೀರನ್ನು ಸೇರುತ್ತವೆ. ಎಸೆದರೆ ಮಣ್ಣಿನಲ್ಲಿ ಮಣ್ಣಾಗುವುದಿಲ್ಲ. ದಕ್ಷಿಣ ಅಮೆರಿಕದ ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ಮಾರಾಟವಾಗದ, ಬೇಡವಾದ ಉಡುಪುಗಳು ದಿಬ್ಬಗಳಾಗಿ ಬಿದ್ದಿರುವ ಚಿತ್ರಗಳನ್ನು ಪತ್ರಿಕೆ ಓದುವವರು ನೋಡಿಯೇ ಇರುತ್ತಾರೆ. ಅಷ್ಟು ದೂರದ ಚಿತ್ರ ಬೇಡವೆಂದರೆ ಊರ ಹೊರಗಿನ ಕಸದ ರಾಶಿಯನ್ನೊಮ್ಮೆ ನೋಡಬಹುದು.

ವಿದ್ಯಾಸಂಸ್ಥೆಗಳು ಈ ವಿಷಯದಲ್ಲಿ ಕೈ ತೊಳೆದುಕೊಂಡು ನಿಲ್ಲುವಂತಿಲ್ಲ. ಸ್ನೇಹಸಮ್ಮೇಳನದ ಒಂದು ನೃತ್ಯಕ್ಕೆಂದು ನಲವತ್ತು ಮಕ್ಕಳಿಗೆ ಹೊಳೆಯುವ ಉಡುಪನ್ನು ಮೊಬೈಲಿನಲ್ಲಿ ತರಿಸುವುದು, ಐದು ನಿಮಿಷದ ಹಾಡು ಮುಗಿದೊಡನೆ ಅದು ಮೂಲೆ ಸೇರುವುದು ಈಗ ಸರ್ವತ್ರ ಕಾಣುವ ಸಂಗತಿ. ಸನ್ಮಾನದ ಶಾಲಿನ ವಿಚಾರವನ್ನಂತೂ ಹೇಳದಿದ್ದರೇ ಲೇಸು. ಆದರೂ ದಾನಿಗಳು ಓದುವ ಪುಟವಾದ್ದರಿಂದ ಹೇಳಲೇಬೇಕು. ಸಗಟಿನಲ್ಲಿ ತಂದ ಆ ಶಾಲನ್ನು ಹೊದಿಸುವವನೂ ಹೊದೆಯುವುದಿಲ್ಲ, ಹೊದಿಸಿಕೊಂಡವನೂ ಹೊದೆಯುವುದಿಲ್ಲ. ಅದು ಒಂದು ಸಮಾರಂಭದಿಂದ ಇನ್ನೊಂದಕ್ಕೆ ಕೈಬದಲಾಗುತ್ತ, ಮಡಿಕೆಯನ್ನು ಸಹ ಬಿಚ್ಚಿಸಿಕೊಳ್ಳದೆ, ಯೋಗ್ಯರಾದ ಅನೇಕರನ್ನು ಗೌರವಿಸುತ್ತದೆ.

ಹತ್ತು ಜನರಿಗೆ ಹತ್ತು ಶಾಲು ಹೊದಿಸುವ ಹಣದಲ್ಲಿ ಮೂವರಿಗೆ ಸಂಡೂರಿನ ಕಸೂತಿಯ ಚೀಲವನ್ನೋ ಇಳಕಲ್ಲಿನ ಕೈಮಗ್ಗದ ವಸ್ತ್ರವನ್ನೋ ಕೊಡಬಹುದು. ಉಳಿದ ಏಳು ಮಂದಿ ದೊಡ್ಡ ಮನಸ್ಸಿನವರಾದ್ದರಿಂದ ಒಂದು ನಮಸ್ಕಾರಕ್ಕೆ ತೃಪ್ತರಾದಾರು. ಬಡ ವಿದ್ಯಾರ್ಥಿಗಳಿಗೆ ಸಮವಸ್ತ್ರ ದಾನ ಮಾಡುವವರು ಮೂರು ಜೊತೆ ತೆಳು ಬಟ್ಟೆಯ ಬದಲು ಎರಡು ಜೊತೆ ಗಟ್ಟಿ ಬಟ್ಟೆ ಕೊಟ್ಟು, ಅಂಚಿನಲ್ಲಿ ಬಿಚ್ಚಿ ಉದ್ದ ಮಾಡುವಷ್ಟು ಮಡಿಕೆ ಬಿಡುವಂತೆ ದರ್ಜಿಗೆ ಹೇಳಬಹುದು. ಊರ ದರ್ಜಿಗೂ ಕೆಲಸವಾಗುತ್ತದೆ. ನೃತ್ಯದ ಉಡುಪನ್ನು ಶಾಲೆಯ ಪೆಟ್ಟಿಗೆಯಲ್ಲಿಟ್ಟು ಐದು ವರ್ಷ ಬಳಸಿದರೆ ನೋಡುವವರು ಯಾರೂ ಬೇಸರಪಡುವುದಿಲ್ಲ. ಪ್ರತಿವರ್ಷವೂ ಬೇರೆ ಮಕ್ಕಳು ತಾನೆ ಕುಣಿಯುವುದು?

ಒಂದು ಮಾತನ್ನು ಮುಂಚೆಯೇ ತಿಳಿದಿರಬೇಕು. ತಾಂಡಾದ ಹೆಣ್ಣುಮಕ್ಕಳು ಹೊಲದ ಕೆಲಸ, ಮನೆಯ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ಸೂಜಿ ಹಿಡಿಯುವವರು. ಮೂರು ದಿನದಲ್ಲಿ ಬಾಗಿಲಿಗೆ ಬರುವ ಪಾರ್ಸೆಲ್ಲಿನಂತೆ ಅವರ ಹೊಲಿಗೆ ಬಾರದು. ಮುಂದಿನ ವಾರ್ಷಿಕೋತ್ಸವಕ್ಕೆ ಬೇಕೆಂದರೆ ಈ ಮಳೆಗಾಲ ಮುಗಿಯುವ ಮೊದಲೇ ಸಂಡೂರಿಗೆ ಹೋಗಿ ಹೇಳಿ, ಮುಂಗಡವನ್ನೂ ಕೊಟ್ಟು ಬರಬೇಕಾಗುತ್ತದೆ.