ದ್ವೀಪಕ್ಕೆ ಹೊರಡುವ ಮುನ್ನ

ಜತ್ತ ತಾಲೂಕಿನವರಿಗೆ ನೀರೆಂಬುದು ದೂರದಿಂದ ಬರಬೇಕಾದ ವಸ್ತು. ಮಳೆಯ ನೆರಳಿನಲ್ಲಿರುವ ಈ ನೆಲದಲ್ಲಿ ಬೇಸಿಗೆ ಬಂದರೆ ಟ್ಯಾಂಕರಿನ ದಾರಿ ಕಾಯುವುದು ಹಳೆಯ ರೂಢಿ. ಇಂಥ ನೆಲದ ಕುಟುಂಬವೊಂದು ಅಟ್ಲಾಂಟಿಕ್ ಮಹಾಸಾಗರದ ದ್ವೀಪಕ್ಕೆ ವಿಹಾರ ನೌಕೆಯಲ್ಲಿ ಹೋಗುವ ಮಾತೆತ್ತಿದರೆ ಹಿಂದಿನವರು ನಕ್ಕುಬಿಡುತ್ತಿದ್ದರು. ಇಂದು ಪುಣೆ, ಬೆಂಗಳೂರು ಅಥವಾ ಹೊರದೇಶದಲ್ಲಿ ದುಡಿಯುವ ಮಕ್ಕಳು ತಂದೆತಾಯಿಗಳಿಗೆ ಒಮ್ಮೆ ಸಮುದ್ರ ತೋರಿಸಬೇಕೆನ್ನುತ್ತಾರೆ. ದ್ರಾಕ್ಷಿ, ದಾಳಿಂಬೆ ಕೈಹಿಡಿದ ವರ್ಷ ತೋಟದ ಒಡೆಯನಿಗೂ ಆ ಆಸೆ ಮೂಡುವುದುಂಟು. ಆಸೆ ತಪ್ಪಲ್ಲ. ಆದರೆ ಹಲವು ವರ್ಷಗಳ ಉಳಿತಾಯ ಎರಡು ವಾರಗಳಲ್ಲಿ ಕರಗುವ ಪ್ರಯಾಣವಿದು. ಪ್ರವಾಸ ಸಂಸ್ಥೆಯ ಕರಪತ್ರ ಕೋಣೆಯ ಬೆಲೆಯನ್ನು ಹೇಳೀತು. ಏನನ್ನು ನೋಡಬೇಕು, ಏಕೆ ನೋಡಬೇಕು ಎಂಬುದನ್ನು ಮನೆಯವರೇ ನಿರ್ಧರಿಸಿಕೊಳ್ಳಬೇಕು.

ಒಳನಾಡಿನ ಕನ್ನಡಿಗರಿಗೆ ಸಮುದ್ರ ಒಲಿದ ಉದಾಹರಣೆಗೆ ಬಹಳ ದೂರ ಹೋಗಬೇಕಾಗಿಲ್ಲ. ಕಡಲಿನಿಂದ ದೂರದ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಉನ್ನತ ವ್ಯಾಸಂಗಕ್ಕಾಗಿ ಆಕ್ಸ್‌ಫರ್ಡಿಗೆ ಹೋದರು. ಹಿಂದಿರುಗಿದ ಮೇಲೆ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನ ಪ್ರಾಚಾರ್ಯರಾದರು. ‘ಸಮುದ್ರ ಗೀತೆಗಳು’ ಎಂಬ ಕವನಸಂಕಲನವನ್ನೂ ‘ಸಮುದ್ರದಾಚೆಯಿಂದ’ ಎಂಬ ಪ್ರವಾಸಕೃತಿಯನ್ನೂ ಕನ್ನಡಕ್ಕೆ ಕೊಟ್ಟವರು ಅವರೇ. ಬಯಲುಸೀಮೆಯಿಂದ ಹೊರಟವರು ಕಡಲಿನಿಂದ ಬರಿಗೈಯಲ್ಲಿ ಮರಳಬೇಕಾಗಿಲ್ಲ ಎಂಬುದಕ್ಕೆ ಜತ್ತದ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇರೊಂದಿಲ್ಲ.

ಅಟ್ಲಾಂಟಿಕ್‌ನ ದ್ವೀಪಗಳಲ್ಲಿ ವಿಹಾರ ನೌಕೆಗಳು ಹೆಚ್ಚಾಗಿ ತಂಗುವವುಗಳಲ್ಲಿ ಮದೀರಾ ಒಂದು. ಪೋರ್ಚುಗಲ್ಲಿಗೆ ಸೇರಿದ ಈ ಸ್ವಾಯತ್ತ ಪ್ರದೇಶ ಲಿಸ್ಬನ್ನಿನ ನೈಋತ್ಯಕ್ಕೆ ಸುಮಾರು ಒಂದು ಸಾವಿರ ಕಿ.ಮೀ. ದೂರದಲ್ಲಿದೆ. ಮುಖ್ಯ ದ್ವೀಪದ ವಿಸ್ತೀರ್ಣ ಸುಮಾರು 740 ಚದರ ಕಿ.ಮೀ.; ಎಂದರೆ ಸಾಂಗಲಿ ಜಿಲ್ಲೆಯ ಹತ್ತನೆಯ ಒಂದು ಭಾಗಕ್ಕಿಂತಲೂ ಚಿಕ್ಕದು. ಆದರೂ ಅದರ ಶಿಖರ ಪಿಕೊ ರುಯಿವೊ 1,862 ಮೀಟರ್ ಎತ್ತರವಾಗಿದ್ದು, ಮಹಾರಾಷ್ಟ್ರದ ಅತ್ಯುನ್ನತ ಶಿಖರವಾದ ಕಳಸೂಬಾಯಿಯನ್ನೂ ಮೀರಿಸುತ್ತದೆ. ಜ್ವಾಲಾಮುಖಿಯಿಂದ ಎದ್ದ ನೆಲವಾದ್ದರಿಂದ ಅಲ್ಲಿನ ಕಲ್ಲು ಜತ್ತದ ಕರಿಕಲ್ಲಿನ ಬಂಧುವೇ ಆಗಿದೆ. ರಾಜಧಾನಿ ಫುಂಶಾಲ್ ಫುಟ್ಬಾಲ್ ಆಟಗಾರ ಕ್ರಿಸ್ಟಿಯಾನೊ ರೊನಾಲ್ಡೊ 1985ರಲ್ಲಿ ಹುಟ್ಟಿದ ಊರು ಎಂದರೆ ಮಕ್ಕಳು ಭೂಪಟವನ್ನು ತಾವಾಗಿಯೇ ಬಿಚ್ಚುವರು.

ಬಿಚ್ಚಿದ ಭೂಪಟದಲ್ಲಿ ಒಂದು ಲೆಕ್ಕವೂ ಇದೆ. ಜತ್ತ ಸುಮಾರು 75 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಫುಂಶಾಲ್ 17 ಡಿಗ್ರಿ ಪಶ್ಚಿಮದಲ್ಲಿ. ನಡುವಿನ ಅಂತರ 92 ಡಿಗ್ರಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯನ ವೇಳೆಯಲ್ಲಿ ಆರು ಗಂಟೆಗೂ ಮಿಕ್ಕಿದ ವ್ಯತ್ಯಾಸ. ಆದರೆ ಗಡಿಯಾರ ತೋರಿಸುವುದು ಚಳಿಗಾಲದಲ್ಲಿ ಐದೂವರೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆಗಳ ವ್ಯತ್ಯಾಸವನ್ನು ಮಾತ್ರ. ಸೂರ್ಯನ ವೇಳೆಗೂ ಗಡಿಯಾರದ ವೇಳೆಗೂ ಈ ಭೇದವೇಕೆ ಎಂದು ಕೇಳಿದರೆ ಶಾಲೆಯ ಭೂಗೋಳ ಮನೆಯ ಅಂಗಳಕ್ಕೇ ಬಂದಂತಾಗುತ್ತದೆ.

ಜತ್ತದವರು ಅಲ್ಲಿ ಮುಖ್ಯವಾಗಿ ನೋಡಬೇಕಾದುದು ಹೂದೋಟಗಳನ್ನಲ್ಲ, ಕಾಲುವೆಗಳನ್ನು. ಮದೀರಾದ ಉತ್ತರದ ಇಳಿಜಾರಿನಲ್ಲಿ ಮಳೆ ಧಾರಾಳ. ದಕ್ಷಿಣದಲ್ಲಿ ಬಿಸಿಲು ಹೆಚ್ಚು, ಮಳೆ ಕಡಿಮೆ. ಜನವಸತಿಯೂ ಬೇಸಾಯವೂ ಹೆಚ್ಚಾಗಿ ಬೆಳೆದದ್ದು ದಕ್ಷಿಣದಲ್ಲಿ. ಸುತ್ತಲೂ ಅಪಾರವಾದ ಉಪ್ಪುನೀರು. ಕುಡಿಯಲೂ ಉಣ್ಣಿಸಲೂ ಬೇಕಾದ ಸಿಹಿನೀರು ಬೆಟ್ಟದ ಆಚೆ. ಹದಿನೈದನೆಯ ಶತಮಾನದಲ್ಲಿ ಅಲ್ಲಿ ನೆಲೆಸಿದವರು ಬೆಟ್ಟದ ಮಗ್ಗುಲಿನಲ್ಲಿ ಬಂಡೆಯನ್ನು ಕಡಿದು ಸಣ್ಣ ಕಾಲುವೆಗಳನ್ನು ತೆಗೆಯತೊಡಗಿದರು. ‘ಲೆವಾದಾ’ ಎಂದು ಕರೆಯಲಾಗುವ ಈ ಕಾಲುವೆಗಳು ಇಂದು ದ್ವೀಪವನ್ನು ಬಲೆಯಂತೆ ಹೆಣೆದಿವೆ. ಇಳಿಜಾರು ಎಷ್ಟು ನವಿರಾಗಿದೆಯೆಂದರೆ ನೀರು ಓಡುವುದಿಲ್ಲ, ನಡೆಯುತ್ತದೆ. ಕೆಲವೆಡೆ ಅದು ಸುರಂಗಗಳನ್ನು ಹಾದು ಬರುತ್ತದೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಸರಕಾರ ಕಟ್ಟಿಸಿದ ಕಾಲುವೆಗಳಲ್ಲಿ ಕೆಲವು ಮೊದಲು ವಿದ್ಯುತ್ ಯಂತ್ರವನ್ನು ತಿರುಗಿಸಿ, ಅನಂತರ ಹೊಲಕ್ಕೆ ಹರಿಯುತ್ತವೆ. ನೀರಿನ ಮೂಲವನ್ನು ಕಾಯುವುದು ಮೇಲಿನ ಕಾಡು. ಅಲ್ಲಿನ ಮರಗಳ ಎಲೆಗಳು ಮಂಜನ್ನು ಹನಿಯಾಗಿಸಿ ನೆಲಕ್ಕಿಳಿಸುತ್ತವೆ. ಈ ಕಾಡನ್ನು ಯುನೆಸ್ಕೊ 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಾಲುವೆಗಿಂತ ಮಿಗಿಲಾದುದು ಹಂಚಿಕೆಯ ಕ್ರಮ. ಯಾರ ಹೊಲಕ್ಕೆ ಯಾವ ವೇಳೆ, ಎಷ್ಟು ಹೊತ್ತು ನೀರು ಬಿಡಬೇಕೆಂಬ ಪಾಳಿಯನ್ನು ನೋಡಿಕೊಳ್ಳಲು ‘ಲೆವಾದೆಯಿರೊ’ ಎಂಬ ನೀರುಗಂಟಿ ಇರುತ್ತಾನೆ. ಈ ಮಾತು ಜತ್ತದ ರೈತನಿಗೆ ವಿವರಣೆಯಿಲ್ಲದೆ ತಿಳಿಯುತ್ತದೆ. ಮಿರಜ ತಾಲೂಕಿನ ಮ್ಹೈಸಾಳದ ಬಳಿ ಕೃಷ್ಣೆಯಿಂದ ಎತ್ತಿದ ನೀರು ಹಂತ ಹಂತವಾಗಿ ಮೇಲೇರಿ ಈ ಕಡೆಗೆ ಬರಬೇಕು. ಪೂರ್ವ ಭಾಗದ ಹಳ್ಳಿಗಳು ಆ ನೀರಿಗಾಗಿ ವರ್ಷಾನುಗಟ್ಟಲೆ ಕಾದಿವೆ. ಮದೀರಾಕ್ಕೆ ಎತ್ತರದ ವರವಿತ್ತು, ನೀರು ತಾನಾಗಿ ಇಳಿಯಿತು. ಜತ್ತದ ನೀರು ವಿದ್ಯುತ್ತಿನ ಬಲದಿಂದ ಏರಬೇಕು. ಪ್ರಕೃತಿಯ ಈ ಭೇದವನ್ನು ಯಾರೂ ಅಳಿಸಲಾರರು. ಆದರೆ ಬಂದ ನೀರನ್ನು ಪಾಳಿಯಿಂದ ಹಂಚಿಕೊಳ್ಳುವುದು, ಕಾಲುವೆಯ ಹೂಳನ್ನು ಕಾಲಕಾಲಕ್ಕೆ ತೆಗೆಯುವುದು, ಬಾಲದಂಚಿನ ಹೊಲವನ್ನು ಮರೆಯದಿರುವುದು ಮನುಷ್ಯರ ಕೈಯಲ್ಲಿವೆ. ಅವು ಅಲ್ಲಿ ಹೇಗೆ ನಡೆಯುತ್ತವೆ ಎಂದು ಕಣ್ಣಾರೆ ನೋಡಿ ಬಂದರೆ ಪ್ರಯಾಣದ ಖರ್ಚಿನಲ್ಲಿ ಒಂದು ಪಾಲು ಊರಿಗೂ ಸಂದಂತೆ.

ದ್ವೀಪದ ಚರಿತ್ರೆಯ ಇನ್ನೊಂದು ಮುಖವನ್ನೂ ಮಕ್ಕಳಿಂದ ಮರೆಮಾಡಬಾರದು. ಮೊದಮೊದಲು ಅಲ್ಲಿ ಸಿರಿ ತಂದದ್ದು ಕಬ್ಬು; ಆ ಕಬ್ಬಿನ ಹೊಲಗಳಲ್ಲಿಯೂ ಕಾಲುವೆಗಳಲ್ಲಿಯೂ ಗುಲಾಮರ ಬೆವರು ಹರಿದಿದೆ. ಕಬ್ಬಿನ ಅನಂತರ ದ್ರಾಕ್ಷಿ ಬಂತು. ಸಾಂಗಲಿ ಸೀಮೆಯ ದ್ರಾಕ್ಷಿ ಬಿಸಿಲಿನ ನಾಡಿನಲ್ಲಿ ಒಣದ್ರಾಕ್ಷಿಯಾಗಿ ಹೆಸರಾದರೆ, ಅಲ್ಲಿನ ದ್ರಾಕ್ಷಿ ಮದ್ಯವಾಗಿ ಲೋಕಪ್ರಸಿದ್ಧವಾಯಿತು. ಬೆಟ್ಟದ ಇಳಿಜಾರನ್ನು ಮೆಟ್ಟಿಲುಗಳಾಗಿ ಕಡಿದು ಬೆಳೆಸಿದ ಆ ಬಳ್ಳಿಗಳನ್ನು ನೋಡಲು ಮದ್ಯದ ರುಚಿ ತಿಳಿದಿರಬೇಕಾಗಿಲ್ಲ; ಚಾಟಣಿಯ ಕತ್ತರಿ ಹಿಡಿದ ಕೈಗೆ ಅದು ತಾನಾಗಿ ಅರ್ಥವಾಗುತ್ತದೆ. ಭಾಷೆಯೂ ಪೂರ್ತಿ ಪರಕೀಯವಲ್ಲ. 1961ರವರೆಗೆ ಗೋವೆಯನ್ನು ಆಳಿದ ಪೋರ್ಚುಗೀಸರ ಮಾತಿನಿಂದ ಬಂದ ಚಾವಿ, ಪಗಾರ, ಬಟಾಟೆ, ಬಾಲ್ದಿ ಈ ಗಡಿನಾಡಿನ ಮನೆಗಳಲ್ಲಿ ದಿನವೂ ಬಳಕೆಯಾಗುತ್ತವೆ.

ಇನ್ನು ಸಿದ್ಧತೆಯ ವಿಷಯ. ಮದೀರಾದ ಹವೆ ವರ್ಷವಿಡೀ ಹಿತಕರ. ದ್ರಾಕ್ಷಿಯ ಕೊಯ್ಲು, ಏಪ್ರಿಲ್ ಚಾಟಣಿ ಮತ್ತು ಶಾಲೆಯ ಪರೀಕ್ಷೆಗಳನ್ನು ಕಳೆದರೆ ಜತ್ತದ ಕುಟುಂಬಕ್ಕೆ ಒದಗುವ ಕಾಲ ಮೇ ತಿಂಗಳು. ಕೆರಿಬಿಯನ್ ಕಡೆ ಚಳಿಗಾಲ ಕಳೆದ ನೌಕೆಗಳು ಏಪ್ರಿಲ್, ಮೇ ತಿಂಗಳುಗಳಲ್ಲಿ ಯುರೋಪಿಗೆ ಮರಳುವಾಗ ಕೆಲವು ಫುಂಶಾಲ್‌ನಲ್ಲಿ ತಂಗುತ್ತವೆ. ಇವುಗಳ ದರ ಕಡಿಮೆಯೆಂದು ಕಂಡರೂ ದಿನಗಟ್ಟಲೆ ನೀರಲ್ಲದೆ ಬೇರೇನೂ ಕಾಣದ ದಾರಿ ಅದು. ಹೊರಡುವ ಬಂದರನ್ನು ಮುಟ್ಟುವುದೇ ದೊಡ್ಡ ಖರ್ಚು. ಮೊದಲ ಬಾರಿಗೆ ಹೋಗುವವರಿಗೆ ಲಿಸ್ಬನ್ ಅಥವಾ ಸ್ಪೇನಿನ ಬಂದರಿನಿಂದ ಹೊರಟು ಅಲ್ಲಿಗೇ ಮರಳುವ ಪ್ರಯಾಣ ಮೇಲು.

ಗಡಿನಾಡಿನ ಕುಟುಂಬಗಳು ಎಲ್ಲಕ್ಕಿಂತ ಮೊದಲು ಗಮನಿಸಬೇಕಾದುದು ಹೆಸರನ್ನು. ಮಗುವಿನ ಹೆಸರು ಕನ್ನಡ ಶಾಲೆಯ ದಾಖಲಾತಿಯಲ್ಲಿ ಒಂದು ಬಗೆ, ಮರಾಠಿಯಿಂದ ಇಂಗ್ಲಿಷಿಗೆ ಹೋದ ಆಧಾರ್ ಚೀಟಿಯಲ್ಲಿ ಇನ್ನೊಂದು ಬಗೆ ಇರುವುದು ಇಲ್ಲಿ ಅಪರೂಪವಲ್ಲ. ಒಂದೆಡೆ ‘ಬಸವರಾಜ’ನಾದವನು ಇನ್ನೊಂದೆಡೆ ‘ಬಸ್ವರಾಜ್’ ಆಗಿರುತ್ತಾನೆ. ಒಂದೆಡೆ ತಂದೆಯ ಹೆಸರು ನಡುವೆ ಇದ್ದರೆ ಇನ್ನೊಂದೆಡೆ ಅದು ಇರುವುದೇ ಇಲ್ಲ. ಪಾಸ್‌ಪೋರ್ಟಿನ ಅರ್ಜಿಗೆ ಮುನ್ನವೇ ಇವುಗಳನ್ನು ಒಂದಾಗಿಸಿಕೊಳ್ಳಬೇಕು. ಪಾಸ್‌ಪೋರ್ಟು, ವೀಸಾ, ವಿಮಾನ ಮತ್ತು ನೌಕೆಯ ಟಿಕೆಟು, ಈ ನಾಲ್ಕರಲ್ಲೂ ಒಂದೇ ಅಕ್ಷರಕ್ರಮ ಇರತಕ್ಕದ್ದು. 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದ ಮಕ್ಕಳ ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೊಂದೇ ಆಧಾರ. ಅದಕ್ಕೂ ಮೊದಲು ಹುಟ್ಟಿದವರಿಗೆ ಶಾಲೆ ಬಿಟ್ಟ ದಾಖಲೆಯಂಥ ಇತರ ಪತ್ರಗಳೂ ಸಲ್ಲುತ್ತವೆ. ಸಾಂಗಲಿ ಜಿಲ್ಲೆ ಪುಣೆಯ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಗೆ ಸೇರಿದೆ. ಪ್ರವಾಸದ ಆಲೋಚನೆ ಕೈಬಿಟ್ಟರೂ ಈ ತಿದ್ದುಪಡಿ ವ್ಯರ್ಥವಾಗದು. ಮುಂದೆ ಉದ್ಯೋಗಕ್ಕೂ ವಿದ್ಯಾರ್ಥಿವೇತನಕ್ಕೂ ಅದೇ ಬೇಕಾಗುತ್ತದೆ.

ಮದೀರಾಕ್ಕೆ ಬೇಕಾದುದು ಶೆಂಗೆನ್ ವೀಸಾ. ಹೊರಡುವ ದಿನಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಸಲ್ಲಿಸಬಹುದು. ಕೊನೆಯ ಗಡುವು 15 ದಿನ. ಗಡುವಿನವರೆಗೆ ಕಾಯುವುದು ಜಾಣತನವಲ್ಲ. ವಯಸ್ಕರಿಗೆ 90 ಯೂರೊ, 6ರಿಂದ 11 ವರ್ಷದ ಮಕ್ಕಳಿಗೆ 45 ಯೂರೊ ಶುಲ್ಕವಿದೆ. ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಹೆಚ್ಚು ದಿನ ಕಳೆಯುವ ದೇಶಕ್ಕೆ ಅರ್ಜಿ ಸಲ್ಲಬೇಕು. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ನೌಕೆ ನಡುವೆ ಮೊರಾಕ್ಕೊದಂಥ ಬೇರೆ ದೇಶದ ಬಂದರಿಗೆ ಹೋಗಿ ಬರುವುದಾದರೆ ಆ ದೇಶದ ವೀಸಾವನ್ನೂ, ಮತ್ತೆ ಒಳಬರಲು ಹಲವು ಪ್ರವೇಶದ ಶೆಂಗೆನ್ ವೀಸಾವನ್ನೂ ನೋಡಿಕೊಳ್ಳಬೇಕು. ಇಂಗ್ಲೆಂಡಿನ ಸೌತಾಂಪ್ಟನ್ನಿನಿಂದ ಹೊರಡುವ ನೌಕೆಯಾದರೆ ಬ್ರಿಟನ್ನಿನ ವೀಸಾ ಪ್ರತ್ಯೇಕ.

ಕರಪತ್ರದ ದರ ಸಾಮಾನ್ಯವಾಗಿ ಒಂದು ಕೋಣೆಯಲ್ಲಿ ಇಬ್ಬರಿರುವರೆಂದು ಎಣಿಸಿ ತಲೆಗೆ ಹೇಳಿದ್ದಾಗಿರುತ್ತದೆ. ಬಂದರು ಶುಲ್ಕ, ಸಿಬ್ಬಂದಿಯ ಭಕ್ಷೀಸು, ದಡದ ಪ್ರವಾಸ, ವಿಮಾನದ ಟಿಕೆಟು, ವಿಮೆ ಇವು ಅದರೊಳಗೆ ಇವೆಯೋ ಇಲ್ಲವೋ ಎಂದು ಬರೆಹದಲ್ಲಿ ಕೇಳಿ ಪಡೆಯಬೇಕು. ಪ್ರಯಾಣ ರದ್ದಾದರೆ ಎಷ್ಟು ಹಣ ಮರಳುವುದೆಂಬುದನ್ನು ಮುಂಗಡ ಕೊಡುವ ಮೊದಲೇ ಓದಬೇಕು. ಸಸ್ಯಾಹಾರಿಗಳು ಮತ್ತು ಜೈನರು ತಮ್ಮ ಊಟದ ನಿಯಮವನ್ನು ಟಿಕೆಟು ಕಾಯ್ದಿರಿಸುವಾಗಲೇ ತಿಳಿಸುವುದು ಒಳ್ಳೆಯದು. ವೃದ್ಧರಿದ್ದರೆ ನೌಕೆಯ ನಡುಭಾಗದ, ಕೆಳ ಅಂತಸ್ತಿನ ಕೋಣೆ ತಕ್ಕದ್ದು. ಅಲ್ಲಿ ತೂಗಾಟ ಕಡಿಮೆ. ಹೊರಡುವ ದಿನ ನಡೆಯುವ ತುರ್ತು ಕವಾಯತನ್ನು ಯಾರೂ ತಪ್ಪಿಸುವಂತಿಲ್ಲ. ಸ್ನಾನದ ನೀರಿನ ಬಹುಪಾಲನ್ನು ದೊಡ್ಡ ನೌಕೆಗಳು ಕಡಲ ನೀರಿನ ಉಪ್ಪು ತೆಗೆದು ತಾವೇ ತಯಾರಿಸಿಕೊಳ್ಳುತ್ತವೆ. ಕೊಡ ಹೊತ್ತು ಬೆಳೆದ ಅಜ್ಜಿಗೆ ಇದನ್ನು ತಿಳಿಸಿದರೆ ಅವರ ಪ್ರಶ್ನೆಗಳು ಮೊಮ್ಮಕ್ಕಳ ಪ್ರಶ್ನೆಗಳಿಗಿಂತ ಹೆಚ್ಚಾದಾವು.

ನೌಕೆ ಫುಂಶಾಲ್‌ನಲ್ಲಿ ಸಾಮಾನ್ಯವಾಗಿ ನಿಲ್ಲುವುದು ಒಂದು ಹಗಲು. ಸಾವಿರಾರು ಕಿ.ಮೀ. ದೂರ ಬಂದದ್ದು ಆ ಕೆಲವು ಗಂಟೆಗಳಿಗಾಗಿ. ಅಂಗಡಿಗಳಲ್ಲಿ ಅವನ್ನು ಕಳೆಯಬೇಕೋ, ಕಾಲುವೆಯ ದಂಡೆಯಲ್ಲೋ ಎಂಬುದು ಮನೆಯಲ್ಲೇ ತೀರ್ಮಾನವಾಗಬೇಕು. ಕಾಲುವೆಯ ದಾರಿಗಳಲ್ಲಿ ಕೆಲವು ಸಪಾಟಾಗಿವೆ; ಕೆಲವು ಪ್ರಪಾತದ ಅಂಚಿನಲ್ಲಿ ಸಾಗುತ್ತವೆ. ಮಕ್ಕಳೂ ವೃದ್ಧರೂ ಇರುವಾಗ ಮೊದಲನೆಯವೇ ಸಾಕು. ನೌಕೆಯವರೇ ಏರ್ಪಡಿಸಿದ ದಡದ ಪ್ರವಾಸ ತಡವಾದರೆ ನೌಕೆ ಕಾಯುತ್ತದೆ. ಸ್ವತಃ ಹೋದವರಿಗಾಗಿ ಕಾಯುವುದಿಲ್ಲ.

ಇಷ್ಟು ಖರ್ಚು ಎಲ್ಲರಿಗೂ ಸಾಧ್ಯವಿಲ್ಲ, ಸಾಧ್ಯವಿಲ್ಲದವರೇ ಹೆಚ್ಚು. ಅವರಿಗೂ ಕಡಲು ಮುಚ್ಚಿಲ್ಲ. ಪ್ರವೇಶಪತ್ರ ಪಡೆದರೆ ಕೊಚ್ಚಿಯಿಂದ ಹಡಗಿನಲ್ಲಿ ಲಕ್ಷದ್ವೀಪಕ್ಕೆ ಹೋಗಬಹುದು. ಅಲ್ಲಿಯೂ ಪ್ರಶ್ನೆ ಅದೇ: ಹವಳದ ನೆಲದಲ್ಲಿ ಸಿಹಿನೀರು ಎಲ್ಲಿಂದ? ಕವರತ್ತಿಯಲ್ಲಿ ಕಡಲ ನೀರನ್ನು ಸಿಹಿಗೊಳಿಸುವ ಘಟಕವನ್ನು 2005ರಲ್ಲಿ ಆರಂಭಿಸಲಾಯಿತು. ಅದೂ ದೂರವೆನಿಸಿದರೆ ಉಡುಪಿಯ ಮಲ್ಪೆಯಿಂದ ದೋಣಿಯಲ್ಲಿ ಸ್ವಲ್ಪ ಹೊತ್ತಿನ ದಾರಿ ಸೇಂಟ್ ಮೇರೀಸ್ ದ್ವೀಪಕ್ಕೆ. ಮಳೆಗಾಲದಲ್ಲಿ ಮಾತ್ರ ದೋಣಿಗಳಿರುವುದಿಲ್ಲ. ಲಾವಾರಸ ತಣ್ಣಗಾಗಿ ಕಂಬಗಳಾಗಿ ಸೀಳಿದ ಅಲ್ಲಿನ ಕಲ್ಲುಗಳು, ಭಾರತ ಮಡಗಾಸ್ಕರಿನಿಂದ ಬೇರ್ಪಟ್ಟ ಕಾಲದ ಗುರುತುಗಳು.

ದೂರದ ದ್ವೀಪವಾಗಲಿ, ಹತ್ತಿರದ್ದಾಗಲಿ, ಹೊರಡುವ ಮೊದಲು ಮನೆಯ ಪ್ರತಿಯೊಬ್ಬರೂ ತಮ್ಮ ಒಂದು ಪ್ರಶ್ನೆಯನ್ನು ಕನ್ನಡದಲ್ಲಿ ವಹಿಯಲ್ಲಿ ಬರೆದುಕೊಳ್ಳಲಿ. ರೈತ ನೀರಿನ ಪಾಳಿಯನ್ನು ಕೇಳಲಿ, ತಾಯಿ ಅಲ್ಲಿನ ಅಡುಗೆಯನ್ನು ಕೇಳಲಿ, ಮಗು ಕಲ್ಲು ಏಕೆ ಕಪ್ಪೆಂದು ಕೇಳಲಿ. ಮರಳಿದ ಮೇಲೆ ಆ ಉತ್ತರಗಳನ್ನು ಮಗು ತನ್ನ ಶಾಲೆಯಲ್ಲಿ ಓದಿ ಹೇಳಲಿ. ಒಂದು ಕುಟುಂಬ ಹಣ ತೆತ್ತು ನೋಡಿದ್ದನ್ನು ಆಗ ಒಂದು ತರಗತಿಯೇ ನೋಡುತ್ತದೆ.