ಮನೆ ಲೆಕ್ಕ ಕಲಿಸಲಿ, ಸರ್ಕಾರ ಲೆಕ್ಕ ಕೊಡಲಿ!

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂತೆಂದರೆ ನಮ್ಮ ಕಡೆ ಒಂದು ವಾರ್ಷಿಕ ನಾಟಕ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕು ಕೂಡಿ ಆಗಿರುವ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ರಾಜ್ಯದಲ್ಲಿ ಎಷ್ಟನೆಯ ಸ್ಥಾನ ಎಂಬುದೇ ಆ ನಾಟಕದ ಕಥಾವಸ್ತು. ಮೇಲೇರಿದರೆ ಹಾರ ತುರಾಯಿ; ಕೆಳಗಿಳಿದರೆ ಸಮಾಲೋಚನಾ ಸಭೆ. ವೇದಿಕೆಯ ಮೇಲಿನ ಮುಖಗಳು ಬದಲಾದಾವು, ಮಾತು ಬದಲಾಗದು: “ಮಕ್ಕಳು ಗಣಿತ, ವಿಜ್ಞಾನದಲ್ಲಿ ಹಿಂದೆ ಬಿದ್ದಿದ್ದಾರೆ. ತಂದೆ ತಾಯಿಗಳು ಮನೆಯಲ್ಲಿ ಗಮನ ಕೊಡುವುದಿಲ್ಲ.”

ಯಾವ ತಂದೆ, ಯಾವ ತಾಯಿ? ಹೊತ್ತು ಮೂಡುವ ಮುಂಚೆ ಬಸ್ಸು ಹಿಡಿದು ವಸಂತನರಸಾಪುರದ ಕಾರ್ಖಾನೆಗಳಿಗೆ ಹೋಗಿ ಕತ್ತಲಾದ ಮೇಲೆ ಮನೆ ಸೇರುವವರೇ? ಎಣ್ಣೆ ಗಿರಣಿಯಲ್ಲಿ ಕಡಲೆಕಾಯಿ ಹೊಟ್ಟಿನ ಧೂಳು ಕುಡಿಯುವವರೇ? ಸಂತೆಯಿಂದ ಸಂತೆಗೆ ತಕ್ಕಡಿ ಹೊತ್ತು ತಿರುಗುವವರೇ? ಇವರಿಗೆ ಉಪದೇಶ ಮಾಡುವ ಮಹಾಶಯರು ಇವರ ಮನೆಯಲ್ಲಿ ಒಂದೇ ಒಂದು ಸಂಜೆ ಕೂತು ನೋಡಿದ್ದುಂಟೇ?

ಸಭೆ ಮುಗಿದ ಮಾರನೆಯ ದಿನವೇ ಟ್ಯೂಷನ್ ಅಂಗಡಿಗಳ ಬೋರ್ಡು ಏಳುತ್ತದೆ. ಮೊಬೈಲಿನಲ್ಲಿ ಪಾಠ ಮಾರುವ ಕಂಪನಿಗಳ ಏಜೆಂಟರು ಫೋನು ಮಾಡುತ್ತಾರೆ. ಭಯವನ್ನು ವೇದಿಕೆ ಹುಟ್ಟಿಸುತ್ತದೆ, ಮದ್ದನ್ನು ಅಂಗಡಿ ಮಾರುತ್ತದೆ. ನಡುವೆ ಸಿಕ್ಕಿಕೊಳ್ಳುವವನು ಕೂಲಿಯವನು.

ನಾವು ಇನ್ನೊಂದು ಮಾತು ಹೇಳುತ್ತೇವೆ. ಗಣಿತ ವಿಜ್ಞಾನಗಳನ್ನು ಮನೆಯಲ್ಲಿ ಕಲಿಸಬೇಕು, ಹೌದು. ಆದರೆ ಅದು ಸರ್ಕಾರದ ತಪ್ಪು ಮುಚ್ಚುವುದಕ್ಕಲ್ಲ. ದುಡಿಯುವವನಿಗೆ ಆಗುವ ಮೋಸ ಹಿಡಿಯುವುದಕ್ಕೆ. ಅದಕ್ಕೆ ಬೇಕಾದ ಪಾಠಪುಸ್ತಕ ನಮ್ಮ ಮನೆಗಳಲ್ಲಿ ಆಗಲೇ ಇದೆ. ಅದನ್ನು ಓದಲು ಬಾರದವರು ನಾವು, ಮೇಷ್ಟರುಗಳು.

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳುತ್ತೇವೆ. ಪಕ್ಷದ ಕೆಲಸಕ್ಕೆ ಬರುವ ಮುಂಚೆ ನಾವು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಒಬ್ಬ ಹುಡುಗಿಯಿದ್ದಳು. ಕಪ್ಪು ಹಲಗೆಯ ಮೇಲೆ ತ್ರೈರಾಶಿ ಬರೆದರೆ ಅವಳ ಬಾಯಿ ಕಟ್ಟುತ್ತಿತ್ತು. “ಲೆಕ್ಕ ಬರುವುದಿಲ್ಲ, ಟ್ಯೂಷನ್ನಿಗೆ ಹಾಕಿ” ಎಂದು ಚೀಟಿ ಬರೆದು ಮನೆಗೆ ಕಳಿಸಿದೆವು. ಅವಳ ತಾಯಿ ಬಂದು ಬಾಗಿಲಲ್ಲೇ ನಿಂತು, “ಅಷ್ಟು ದುಡ್ಡು ಎಲ್ಲಿಂದ ತರ್ಲಿ ಸಾಮಿ?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಕೆಲವು ತಿಂಗಳ ಮೇಲೆ ಸಂತೆಯಲ್ಲಿ ಅದೇ ಹುಡುಗಿ ತಾಯಿಯ ಪಕ್ಕ ಕೂತು ಹುಣಸೆಹಣ್ಣು ಮಾರುತ್ತಿದ್ದಳು. ಕಿಲೋ ದರ ಕೇಳಿ ಏಳುನೂರೈವತ್ತು ಗ್ರಾಂ ತೂಗಿಸಿದ ಗಿರಾಕಿಗೆ, ಅವನು ಜೇಬಿಗೆ ಕೈ ಹಾಕುವುದರೊಳಗೆ ಮುಕ್ಕಾಲಿನ ಬೆಲೆ ಹೇಳಿ ಚಿಲ್ಲರೆ ಎಣಿಸಿಟ್ಟಳು. ಆ ಲೆಕ್ಕವೇ ತ್ರೈರಾಶಿ! ಅವಳಿಗೆ ಬರುತ್ತಿತ್ತು, ಅವಳಿಗೆ ಬರುತ್ತದೆಂದು ನಮಗೆ ಗೊತ್ತಿರಲಿಲ್ಲ. ಅವಳು ಮತ್ತೆ ಶಾಲೆಗೆ ಬರಲಿಲ್ಲ. ಆ ಚೀಟಿ ಬರೆದ ಕೈ ಇದೇ. ಆ ಹೊತ್ತಿನಿಂದ “ದಡ್ಡ ಮಗು” ಎಂಬ ಮಾತು ಕೇಳಿದರೆ ನಮಗೆ ಸಿಟ್ಟು ಬರುತ್ತದೆ.

ಈಗ ಮನೆಯ ಪಾಠಪುಸ್ತಕವನ್ನು ತೆರೆಯೋಣ.

ಮೊದಲ ಪಾಠ, ಸಂಬಳದ ಚೀಟಿ. ಮೂಲ ವೇತನ, ತುಟ್ಟಿಭತ್ಯೆ ಸೇರಿ 12,000 ರೂಪಾಯಿ ಎಂದಿಟ್ಟುಕೊಳ್ಳಿ. ಭವಿಷ್ಯ ನಿಧಿಗೆ ನೂರಕ್ಕೆ 12ರಂತೆ 1,440, ಇ.ಎಸ್.ಐ.ಗೆ ನೂರಕ್ಕೆ ಮುಕ್ಕಾಲು ರೂಪಾಯಿಯಂತೆ 90. ಕೈಗೆ ಬರಬೇಕಾದದ್ದು 10,470. ಇಷ್ಟೇ ಶೇಕಡಾವಾರು ಲೆಕ್ಕ ಏಳನೆಯ ತರಗತಿಯ ಮಗುವಿಗೆ ಬಂದರೆ ಸಾಕು. ಮಾಲೀಕ ತನ್ನ ಜೇಬಿನಿಂದ ನಿಧಿಗೆ ನೂರಕ್ಕೆ 12, ಇ.ಎಸ್.ಐ.ಗೆ ನೂರಕ್ಕೆ ಮೂರೂಕಾಲು ಕಟ್ಟಬೇಕು. ಆ ಪಾಲನ್ನೂ ಕೂಲಿಯವನ ಸಂಬಳದಲ್ಲೇ ಮುರಿದುಕೊಳ್ಳುವ ಗುತ್ತಿಗೆದಾರ ಮಹಾನುಭಾವರಿದ್ದಾರೆ. ಆಗ ಕಡಿತ 1,530 ಅಲ್ಲ, 3,360! ಮಗುವಿನ ಪೆನ್ಸಿಲು ಈ ವ್ಯತ್ಯಾಸವನ್ನು ಐದು ನಿಮಿಷದಲ್ಲಿ ಹಿಡಿಯುತ್ತದೆ. ಅದೇ 12,000ವನ್ನು 26 ದಿನಕ್ಕೆ, ದಿನವನ್ನು 8 ಗಂಟೆಗೆ ಭಾಗಿಸಿದರೆ ಗಂಟೆಗೆ 57 ರೂಪಾಯಿ ಚಿಲ್ಲರೆ. ಹೆಚ್ಚಿನ ಹೊತ್ತಿನ ದುಡಿಮೆಗೆ ಕಾನೂನು ಹೇಳುವುದು ಇಮ್ಮಡಿ ದರ, ಅಂದರೆ 115ರ ಮೇಲೆ. ನಿಮಗೆ ಎಷ್ಟು ಕೊಟ್ಟರು? ಮಗು ಕೇಳಲಿ, ನೀವು ಉತ್ತರ ಹೇಳಿ.

ಎರಡನೆಯ ಪಾಠ, ಸಾಲದ ಪುಸ್ತಕ. ಇದು ಅಂಗಡಿಯ ಮಿತ್ರರಿಗೆ. 10,000 ರೂಪಾಯಿ ಸಾಲ. ತಿಂಗಳಿಗೆ 1,000ದಂತೆ 12 ಕಂತು. “ವರ್ಷಕ್ಕೆ ನೂರಕ್ಕೆ ಇಪ್ಪತ್ತು ಮಾತ್ರ” ಎನ್ನುತ್ತಾನೆ ಸಾಲ ಕೊಟ್ಟವನು. ನಿಜವೇ? ಹತ್ತು ಸಾವಿರ ಇಡೀ ವರ್ಷ ನಿಮ್ಮ ಕೈಯಲ್ಲಿತ್ತೇ? ಕಂತು ಕಟ್ಟಿದ ಹಾಗೆಲ್ಲ ಅಸಲು ಕರಗುತ್ತಾ ಬಂತು. ಸರಾಸರಿ ನಿಮ್ಮ ಬಳಿ ಇದ್ದದ್ದು ಐದೂವರೆ ಸಾವಿರದ ಆಸುಪಾಸು. ಅದರ ಮೇಲೆ 2,000 ಬಡ್ಡಿ ಎಂದರೆ ನೂರಕ್ಕೆ ಮೂವತ್ತೈದರ ಮೇಲೆಯೇ ಆಯಿತು. ಸರಾಸರಿ ಎಂಬ ಪಾಠ ಶಾಲೆಯಲ್ಲಿ ಕ್ರಿಕೆಟ್ ಓಟಗಳ ಮೇಲೆ ನಡೆಯುತ್ತದೆ. ನಮ್ಮ ಬೀದಿಯಲ್ಲಿ ಅದು ಬದುಕಿನ ಮೇಲೆ ನಡೆಯುತ್ತಿದೆ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಕಾನೂನು ಬರುವ ಮುಂಚೆ ಲೆಕ್ಕ ಬಂದಿದ್ದರೆ ಎಷ್ಟು ಮನೆ ಉಳಿಯುತ್ತಿತ್ತು!

ಮೂರನೆಯ ಪಾಠ, ನೀರಿನ ಬಿಂದಿಗೆ. ಪಾವಗಡ, ಮಧುಗಿರಿ, ಶಿರಾ ಕಡೆಯ ಕೊಳವೆಬಾವಿಗಳ ಫ್ಲೋರೈಡು ಯಾರಿಗೆ ತಿಳಿಯದು? ಮಕ್ಕಳ ಹಲ್ಲಿನ ಕಂದು ಕಲೆ, ಮುದುಕರ ಬಗ್ಗಿದ ಬೆನ್ನು ಅದರ ಸಾಕ್ಷಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆಯವರೆಗೆ ಎನ್ನುತ್ತದೆ ಭಾರತೀಯ ಮಾನಕ. “ಕಾಯಿಸಿ ಕುಡಿದರೆ ಆಯಿತಲ್ಲ” ಎಂದು ಹೇಳುವವರು ಇನ್ನೂ ಇದ್ದಾರೆ. ಇಲ್ಲಿಯೇ ವಿಜ್ಞಾನ ಬೇಕು. ಕಾಯಿಸಿದರೆ ರೋಗಾಣು ಸಾಯುತ್ತದೆ. ಫ್ಲೋರೈಡು ಆವಿಯಾಗಿ ಹೋಗುವುದಿಲ್ಲ. ಲೀಟರಿಗೆ 2 ಮಿಲಿಗ್ರಾಂ ಇರುವ ನೀರನ್ನು ಎರಡು ಲೀಟರ್ ಇಟ್ಟು ಒಂದಕ್ಕೆ ಇಳಿಸಿದರೆ, ಒಳಗಿದ್ದ 4 ಮಿಲಿಗ್ರಾಮೂ ಆ ಒಂದೇ ಲೀಟರಿನಲ್ಲಿ ಉಳಿಯುತ್ತದೆ. ನಂಬಿಕೆಯಿಲ್ಲವೇ? ಪುಸ್ತಕ ಬೇಡ, ಪ್ರಯೋಗಾಲಯ ಬೇಡ. ಒಂದು ಚಮಚ ಉಪ್ಪನ್ನು ನೀರಿಗೆ ಹಾಕಿ, ಮಗುವಿಗೆ ಒಂದು ಹನಿ ರುಚಿ ತೋರಿಸಿ; ಅರ್ಧಕ್ಕೆ ಇಳಿಯುವ ತನಕ ಕುದಿಸಿ, ಆರಿದ ಮೇಲೆ ಮತ್ತೆ ತೋರಿಸಿ. ಉಪ್ಪು ಎಲ್ಲಿಗೂ ಹೋಗಿಲ್ಲ, ನೀರು ಮಾತ್ರ ಹೋಗಿದೆ ಎಂದು ಅದರ ನಾಲಿಗೆಯೇ ಹೇಳುತ್ತದೆ. ಆ ಮಗು ನಾಳೆ ಗ್ರಾಮಸಭೆಯಲ್ಲಿ ಎದ್ದು “ನಮ್ಮ ಬೋರಿನ ನೀರಿನ ಪರೀಕ್ಷೆಯ ವರದಿ ಓದಿ” ಎಂದು ಕೇಳುತ್ತದೆ.

ನಾಲ್ಕನೆಯ ಪಾಠ, ಪಾವಗಡದ ಬಿಸಿಲು. ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕು ಎದ್ದಿದೆ. 2018ರ ಮಾರ್ಚಿಯಲ್ಲಿ ಅದರ ಮೊದಲ ಹಂತದ ಉದ್ಘಾಟನೆಯಾಯಿತು. ರೈತನ ಭೂಮಿಗೆ ಆರಂಭದಲ್ಲಿ ಗೊತ್ತು ಮಾಡಿದ ಬಾಡಿಗೆ ಎಕರೆಗೆ ವರ್ಷಕ್ಕೆ 21,000. ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರ ಏರಿಕೆ. ಭಾಗಿಸಿ ನೋಡಿ: ದಿನಕ್ಕೆ 57 ರೂಪಾಯಿ ಚಿಲ್ಲರೆ. ಮೇಲೆ ಲೆಕ್ಕ ಹಾಕಿದ ಕೂಲಿಯವನ ಒಂದು ಗಂಟೆಗೂ ಅಷ್ಟೇ! ಒಂದು ಎಕರೆ ನೆಲದ ಇಡೀ ದಿನ, ಒಬ್ಬ ಕೂಲಿಯವನ ಒಂದು ಗಂಟೆ, ಬೆಲೆ ಒಂದೇ. ಆ ನೆಲದಲ್ಲಿ ಕಳೆ ಕೀಳುತ್ತಿದ್ದ, ಕಡಲೆಕಾಯಿ ಬಿಡಿಸುತ್ತಿದ್ದ ಭೂಮಿಯಿಲ್ಲದವನಿಗೆ ಬಾಡಿಗೆ ಎಷ್ಟು? ಸೊನ್ನೆ. ಸೊನ್ನೆಯ ಅರ್ಥವನ್ನು ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕ ಕಲಿಸೀತು? ಆ ಗಾಜಿನ ಫಲಕ ಕರೆಂಟು ಮಾಡುವುದು ಬೆಳಕಿನಿಂದಲೇ ಹೊರತು ಶಾಖದಿಂದಲ್ಲ, ಅದು ಕಾದಷ್ಟೂ ಅದರ ಶಕ್ತಿ ತಗ್ಗುತ್ತದೆ ಎಂಬ ವಿಜ್ಞಾನವನ್ನೂ ಅದರ ನೆರಳಿನಲ್ಲಿ ಕುರಿ ಕಾಯುವ ಹುಡುಗನಿಗೆ ಹೇಳಿ. ಅವನ ಕಣ್ಣು ಅರಳುವುದನ್ನು ನೋಡಿ.

ಅಳತೆ ತಿಳಿಯುವುದು ರಾಜಕೀಯವೇ ಎಂದು ಕೇಳುವವರಿಗೆ ಸಮಾಜವಾದಿಗಳು ಕಾಗೋಡನ್ನು ನೆನಪಿಸಬೇಕು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಹೆಚ್. ಗಣಪತಿಯಪ್ಪನವರ ರೈತ ಸಂಘದ ಹಿಂದೆ ಗೇಣಿದಾರರು ಎದ್ದು ನಿಂತರು; ಸಮಾಜವಾದಿ ಪಕ್ಷ ಅವರ ಜೊತೆ ನಿಂತಿತು; ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಆ ಜಗಳದ ಮೂಲಗಳಲ್ಲಿ ಒಂದು ಯಾವುದು? ಗೇಣಿ ಅಳೆಯುವ ಕೊಳಗ! ಒಡೆಯರ ಕೊಳಗ ಸರಿಯಾದ ಅಳತೆಗಿಂತ ದೊಡ್ಡದೆಂದು ಗೇಣಿದಾರನಿಗೆ ಗೊತ್ತಾದ ದಿನವೇ ಅವನು ತಲೆ ಎತ್ತಿದ. ಇಂದಿನ ಕೊಳಗ ಮರದ್ದಲ್ಲ. ಅದು ಸಂಬಳದ ಚೀಟಿಯಲ್ಲಿದೆ, ಕಂತಿನ ಪುಸ್ತಕದಲ್ಲಿದೆ, ಬಾಡಿಗೆ ಕರಾರಿನಲ್ಲಿದೆ. ಅಳೆದು ನೋಡುವವರು ಬೇಕು.

ಇಲ್ಲಿ ನಮ್ಮ ಸಂಗಾತಿಗಳೇ ಒಂದು ಆಕ್ಷೇಪ ಎತ್ತುತ್ತಾರೆ: “ಮನೆಯಲ್ಲಿ ಕಲಿಸಿ ಎಂದರೆ ಸರ್ಕಾರ ಜಾರಿಕೊಳ್ಳುವುದಕ್ಕೆ ನೀವೇ ದಾರಿ ತೋರಿಸಿದಂತಾಗುವುದಿಲ್ಲವೇ?” ಆಕ್ಷೇಪ ಸರಿಯಾಗಿದೆ. ಬೆಂಗಳೂರಿನಲ್ಲಿ ಕೆಲವು ಅನುಕೂಲಸ್ಥ ಕುಟುಂಬಗಳು ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸಿ, ಮುಕ್ತ ಶಾಲೆಯ ಪರೀಕ್ಷೆಗೆ ಕೂರಿಸುತ್ತವೆ. ಅವರಿಗೆ ಬಿಡುವುಂಟು, ಪುಸ್ತಕಗಳುಂಟು, ಓದಿದ ತಂದೆ ತಾಯಿಗಳುಂಟು. ಅವರ ದಾರಿ ಅವರಿಗೆ. ನಮ್ಮವರಿಗೆ ಅದೇ ಪ್ರಯೋಗವನ್ನು ಬಲವಂತವಾಗಿ ಮಾಡಿಸಿದ ಕಾಲವೊಂದಿತ್ತು. 2020ರ ಮಾರ್ಚಿಯಲ್ಲಿ ಶಾಲೆಗಳ ಬಾಗಿಲು ಮುಚ್ಚಿತು. ಆಗಸ್ಟಿನಲ್ಲಿ ವಿದ್ಯಾಗಮ ಎಂದು ಮೇಷ್ಟರುಗಳು ಹಳ್ಳಿಯ ಜಗಲಿ, ಮರದ ನೆರಳಿಗೆ ಹೋದರು. ಅಕ್ಟೋಬರಿನಲ್ಲಿ ಸೋಂಕಿನ ಭಯಕ್ಕೆ ಅದೂ ನಿಂತಿತು. ಒಂದರಿಂದ ಐದನೆಯ ತರಗತಿಯ ಮಕ್ಕಳು ಮತ್ತೆ ಶಾಲೆಯ ಹೊಸ್ತಿಲು ತುಳಿದದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳು! ಫೋನು ಇದ್ದವನಿಗೆ ಪಾಠ, ಇಲ್ಲದವನಿಗೆ ಕುರಿ. ಶಾಲೆಯಿಲ್ಲದ ಮನೆಪಾಠ ಬಡವನಿಗೆ ಏನನ್ನು ಕೊಡುತ್ತದೆಂದು ಅಂದೇ ತಿಳಿಯಿತು.

ಆದುದರಿಂದ ನಮ್ಮ ಮಾತು ಸ್ಪಷ್ಟವಾಗಿರಲಿ. ಮನೆ ಪ್ರಶ್ನೆಯನ್ನು ಹುಟ್ಟಿಸಬಲ್ಲದು. ಅದನ್ನು ಸೂತ್ರಕ್ಕೆ, ಸಿದ್ಧಾಂತಕ್ಕೆ, ಮುಂದಿನ ಮೆಟ್ಟಿಲಿಗೆ ಒಯ್ಯುವುದು ಶಾಲೆ. ನಮ್ಮ ಗಡಿಗೆ ಹೊಂದಿದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಭೌತವಿಜ್ಞಾನದ ಮೇಷ್ಟರಾಗಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿ, ನಾಡಿಗೆ ಪ್ರಶ್ನೆ ಕೇಳುವುದನ್ನು ಕಲಿಸಿದರು. ಊರಿನಲ್ಲಿ ಒಂದು ಶಾಲೆ ಇಲ್ಲದಿದ್ದರೆ ಆ ಹುಡುಗ ಎಲ್ಲಿರುತ್ತಿದ್ದ?

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಎಂಟನೆಯ ತರಗತಿಯವರೆಗಿನ ಶಾಲೆಯಲ್ಲಿ ವಿಜ್ಞಾನ ಮತ್ತು ಗಣಿತಕ್ಕೆ ಕನಿಷ್ಠ ಒಬ್ಬ ಶಿಕ್ಷಕ ಇರಲೇಬೇಕೆನ್ನುತ್ತದೆ. ಶಿಕ್ಷಕರು ಖಾಸಗಿ ಟ್ಯೂಷನ್ ನಡೆಸಕೂಡದೆನ್ನುತ್ತದೆ. ರಾಷ್ಟ್ರೀಯ ಆದಾಯದ ನೂರಕ್ಕೆ 6 ಭಾಗ ಶಿಕ್ಷಣಕ್ಕೆಂದು 1966ರಲ್ಲಿ ಕೊಠಾರಿ ಆಯೋಗ ಹೇಳಿತು. 2020ರ ಶಿಕ್ಷಣ ನೀತಿ ಅದನ್ನೇ ಮತ್ತೆ ಹೇಳಿತು. ಐವತ್ತನಾಲ್ಕು ವರ್ಷ ಒಂದೇ ಮಗ್ಗಿಯನ್ನು ಬಾಯಿಪಾಠ ಒಪ್ಪಿಸಿದ ಈ ವಿದ್ಯಾರ್ಥಿಯನ್ನು ಯಾರು ಫೇಲು ಮಾಡಬೇಕು?

ಕಾರ್ಮಿಕ ಬಂಧುಗಳೇ, ಅಂಗಡಿಯ ಮಿತ್ರರೇ, ವಾರಕ್ಕೆ ಒಂದು ಗಂಟೆ ಕೊಡಿ. ಭಾನುವಾರ ಊಟವಾದ ಮೇಲೆ ಸಂಬಳದ ಚೀಟಿ, ಕರೆಂಟು ಬಿಲ್ಲು, ಕಂತಿನ ಪುಸ್ತಕವನ್ನು ಮಗುವಿನ ಮುಂದಿಡಿ. ನಿಮಗೆ ಉತ್ತರ ಗೊತ್ತಿರಬೇಕಾಗಿಲ್ಲ. ಎಷ್ಟು? ಯಾಕೆ? ಹೇಗೆ ಗೊತ್ತಾಯಿತು? ಈ ಮೂರು ಪ್ರಶ್ನೆ ಸಾಕು. ಮಗು ತಪ್ಪಿದರೆ ಬೈಯಬೇಡಿ. ಜೊತೆಗೂಡಿ ಮತ್ತೆ ಕೂಡಿಸಿ. ಈ ಕೆಲಸವನ್ನೂ ತಾಯಿಯ ತಲೆಗೇ ಹೊರಿಸಿ ಅಪ್ಪಂದಿರು ಚಾಪೆ ಹಾಸಿಕೊಂಡರೆ ಅದು ಸಮಾಜವಾದವಲ್ಲ. ಅಪ್ಪ ಪಾತ್ರೆ ತೊಳೆಯಲಿ, ಅವ್ವ ಲೆಕ್ಕ ಕೇಳಲಿ. ಮುಂದಿನ ವಾರ ಅದಲು ಬದಲಾಗಲಿ. ಹುಡುಗಿಯರನ್ನು ಒಲೆಯ ಮುಂದೆ ಬಿಟ್ಟು ಹುಡುಗರನ್ನು ಮಾತ್ರ ಕೂರಿಸಬೇಡಿ.

ಬಳಿಕ ಅದೇ ಮಗುವಿನ ಕೈ ಹಿಡಿದು ಶಾಲೆಯ ಎಸ್.ಡಿ.ಎಂ.ಸಿ. ಸಭೆಗೆ ಹೋಗಿ. ಗಣಿತಕ್ಕೆ ಮೇಷ್ಟರು ಯಾರು, ವಿಜ್ಞಾನಕ್ಕೆ ಯಾರು, ಹುದ್ದೆ ಖಾಲಿಯಿದ್ದರೆ ಎಷ್ಟು ದಿನದಿಂದ ಎಂದು ಕೇಳಿ. ಉತ್ತರವನ್ನು ಬರವಣಿಗೆಯಲ್ಲಿ ಪಡೆದು ನಮ್ಮ ಪತ್ರಿಕೆಗೆ ಕಳಿಸಿ. ನಾಲ್ಕೂ ತಾಲ್ಲೂಕಿನ ಲೆಕ್ಕವನ್ನು ಕೂಡಿಸಿ ಅಚ್ಚು ಹಾಕುವ ಹೊಣೆ ನಮ್ಮದು.

ಸಂತೆಯ ಆ ಹುಡುಗಿಗೆ ನಾವು ಕೊಡಬೇಕಾದ ಬಾಕಿ ಇದೆ. ಅದನ್ನು ತೀರಿಸದೆ ಈ ಪುಸ್ತಕವನ್ನು ಮುಚ್ಚಲಾರೆವು.