ಹನಿ ಕೂಡಿಸುವವರು, ತೂಬು ಎತ್ತುವವರು

ನಮ್ಮ ತಂದೆ ಸಂಜೆ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದದ್ದು ಒಂದೇ ಮಾತು: ‘ಯಾರೂ ಇಲ್ಲದ ರೂಮಲ್ಲಿ ಲೈಟ್ ಯಾಕೆ ಉರೀತಿದೆ?’ ಆಗ ಉರಿಯುತ್ತಿದ್ದದ್ದು 60 ವ್ಯಾಟಿನ ಬಲ್ಬು. ಹದಿನಾರು, ಹದಿನೇಳು ಗಂಟೆ ಉರಿದರೆ ಒಂದು ಯೂನಿಟ್ಟು ಖರ್ಚು. ಈಗ ಅದೇ ಹೋಲ್ಡರಿನಲ್ಲಿರುವ 9 ವ್ಯಾಟಿನ ಎಲ್‌ಇಡಿ ಒಂದು ಯೂನಿಟ್ಟಿಗೆ ನೂರಹನ್ನೊಂದು ಗಂಟೆ ಉರಿಯುತ್ತದೆ. ಬಚ್ಚಲಿನ 2000 ವ್ಯಾಟಿನ ಗೀಸರು ಅಷ್ಟೇ ಕರೆಂಟನ್ನು ಅರ್ಧ ಗಂಟೆಯಲ್ಲಿ ಕುಡಿದು ಮುಗಿಸುತ್ತದೆ. ಆದರೂ ಅಪ್ಪನ ಬಾಯಿಂದ ನನ್ನ ಬಾಯಿಗೆ ಇಳಿದು ಬಂದದ್ದು ಲೈಟಿನ ಮಾತೇ. ಗೀಸರು ಹಾಕಿ, ಮರೆತು, ಪೇಪರು ಓದುತ್ತ ಕೂರುವವನೂ ನಾನೇ.

ಮನೆಖರ್ಚು ತಗ್ಗಿಸುವ ಉಪಾಯಗಳಿಗೆ ನಮ್ಮಲ್ಲಿ ಬರವಿಲ್ಲ. ಬೇಳೆ ನೆನೆಸಿಟ್ಟು ಕುಕ್ಕರಿಗೆ ಹಾಕಿ, ತರಕಾರಿ ಸಂಜೆ ಸಂತೆ ಏಳುವ ಹೊತ್ತಿಗೆ ಕೊಳ್ಳಿ, ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ. ಇದರಲ್ಲಿ ಒಂದೂ ಸುಳ್ಳಲ್ಲ. ನನ್ನ ತಕರಾರು ಇರುವುದು ಈ ಬುದ್ಧಿಮಾತುಗಳು ಅಡುಗೆಮನೆಯ ಹೊಸಿಲು ದಾಟುವುದೇ ಇಲ್ಲ ಎಂಬುದಕ್ಕೆ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ಮನೆಯ ಒಬ್ಬರಿಗೆ ಒಪ್ಪಿಸಿಬಿಡುತ್ತೇವೆ. ಹಳ್ಳ ಹರಿದು ಕೆರೆ ತುಂಬಿದ ಮೇಲೆ ತೂಬು ಎತ್ತುವ ಅಧಿಕಾರ ಮಾತ್ರ ಇನ್ನೊಬ್ಬರ ಕೈಯಲ್ಲಿ. ಹೀಗಿರುವಾಗ ಆ ಮನೆಯಲ್ಲಿ ಮಿತವ್ಯಯ ಇದೆ ಎನ್ನಬಹುದೇ?

ಹೀರೇಕಾಯಿ ಸಿಪ್ಪೆಯ ಚಟ್ನಿಯನ್ನೇ ನೋಡಿ. ಕಾಯಿಯನ್ನು ತೊಳೆದು, ಏಣುಗಳನ್ನು ನಾರು ಬರದಂತೆ ತೆಳ್ಳಗೆ ಹೆರೆದು, ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಹಸಿವಾಸನೆ ಹೋಗುವ ತನಕ ಎಣ್ಣೆಯಲ್ಲಿ ಬಾಡಿಸಬೇಕು. ಉದ್ದಿನಬೇಳೆ, ಬ್ಯಾಡಗಿ ಮೆಣಸಿನಕಾಯಿ ಬೇರೆಯಾಗಿ ಹುರಿಯಬೇಕು. ಹುಣಸೆಹಣ್ಣು, ತೆಂಗಿನಕಾಯಿ ಸೇರಿಸಿ ರುಬ್ಬಬೇಕು. ಮುಕ್ಕಾಲು ಗಂಟೆಯ ಕೆಲಸ. ತೆಂಗಿನಕಾಯಿಗೆ ಈಚೆಗೆ ಬಂದಿರುವ ಬೆಲೆಯಲ್ಲಿ ಸಿಪ್ಪೆಯಿಂದ ಉಳಿದದ್ದಕ್ಕಿಂತ ಅದಕ್ಕೆ ಬಿದ್ದ ಕಾಯಿಯೇ ದುಬಾರಿ. ಅಂದರೆ ಈ ಚಟ್ನಿಯಿಂದ ದುಡ್ಡು ಉಳಿಯುವುದಿಲ್ಲ. ಬಿಸಿ ಅನ್ನ, ತುಪ್ಪದ ಜೊತೆ ಅದರ ರುಚಿಗೆ ಸಾಟಿಯಿಲ್ಲ ಎಂದು ಮಾಡುತ್ತಾರೆ. ಕರಾವಳಿಯ ಕಲ್ಲಂಗಡಿ ಸಿಪ್ಪೆಯ ದೋಸೆ, ಹೋಳಿಗೆ ದಿನ ಬೇಳೆ ಬಸಿದ ಕಟ್ಟಿನಿಂದ ಆಗುವ ಸಾರು, ಮಳೆಗಾಲಕ್ಕೆಂದು ತೊಳೆದು ಕೂಡಿಟ್ಟ ಹಲಸಿನ ಬೀಜ, ಇವೆಲ್ಲ ಅದೇ ಜಾತಿಯವು. ಒಂದು ಕಾಲಕ್ಕೆ ಬಡತನ ಕಲಿಸಿದ್ದು, ಈಗ ನಾಲಿಗೆ ಕೇಳುತ್ತದೆ. ನಾಲಿಗೆಗೆ ಹತ್ತಿದ ಉಳಿತಾಯ ಮಾತ್ರ ಬಾಳಿಕೆ ಬರುತ್ತದೆ ಎಂದು ನನ್ನ ಅನುಮಾನ. ಆದರೆ ಆ ಮುಕ್ಕಾಲು ಗಂಟೆ ಯಾವ ಲೆಕ್ಕದ ಪುಸ್ತಕದಲ್ಲೂ ಬರೆದಿಲ್ಲ.

ಆ ಗಂಟೆಗಳಿಗೆ ಬೆಲೆಯಿದೆ ಎನ್ನುವುದಕ್ಕೆ ಕೌದಿಯೇ ಸಾಕ್ಷಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಹರಿದ ಸೀರೆ, ಹಳೆ ಧೋತರ, ಮಕ್ಕಳ ಅಂಗಿಯ ತುಂಡುಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲೇ ಹೊಲಿಗೆ ಹಾಕುತ್ತಾರೆ. ಒಂದು ಕೌದಿಗೆ ವಾರಗಳೇ ಹಿಡಿಯುತ್ತವೆ. ಮನೆಯಲ್ಲಿ ಹೊದ್ದಾಗ ಅದು ‘ಪುಕ್ಕಟೆ’. ಹಳೇ ಬಟ್ಟೆಯದ್ದು ತಾನೆ! ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಹೊಲಿದ ಕೌದಿ ನಗರದ ಕರಕುಶಲ ಮೇಳಕ್ಕೆ ಬಂದಾಗ ಅದಕ್ಕೆ ಸಾವಿರಗಳಲ್ಲಿ ಬೆಲೆ. ಬಟ್ಟೆ ಎರಡೂ ಕಡೆ ಹಳೆಯದೇ. ಮೇಳದಲ್ಲಿ ಕೊಳ್ಳುವವರು ಕೊಡುವ ದುಡ್ಡು ಹೊಲಿಗೆಗೆ, ಅಂದರೆ ಮನೆಯಲ್ಲಿ ಯಾರೂ ಎಣಿಸದ ಆ ವಾರಗಳಿಗೆ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಈ ವಾರಗಳನ್ನು ನಿಮಿಷಗಳಲ್ಲಿ ಎಣಿಸಿದೆ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ‘ಹೊರಗಿನದ್ದೇನೂ ತರಬೇಡ, ಮನೇಲೇ ಮಾಡಿದರೆ ಅಗ್ಗ’ ಎಂದು ನಾವು ಲೋಕಾಭಿರಾಮವಾಗಿ ಆಡುವ ಮಾತು ಹೋಗಿ ಸೇರುವುದು ಆ 289ರ ಖಾತೆಗೆ.

ಇನ್ನು ತೂಬಿನ ಕಡೆಗೆ ಬರೋಣ. ಒಂದು ಲೆಕ್ಕ ಹಾಕಿ ನೋಡಿದೆ. ಬೇಳೆಕಾಳು ನೆನೆಸಿ, ಪಾತ್ರೆಗೆ ಮುಚ್ಚಳ ಹಾಕಿ, ಉರಿ ಸಣ್ಣ ಮಾಡಿ, 14.2 ಕೆ.ಜಿ.ಯ ಸಿಲಿಂಡರನ್ನು ಮೂವತ್ತು ದಿನದ ಬದಲು ಮೂವತ್ತೈದು ದಿನ ಬರಿಸಿದರು ಎಂದುಕೊಳ್ಳಿ. ಸಿಲಿಂಡರಿಗೆ 850 ರೂಪಾಯಿ ಹಿಡಿದರೆ ವರ್ಷಕ್ಕೆ ಉಳಿಯುವುದು ಸುಮಾರು 1,480 ರೂಪಾಯಿ. ಅದೇ ಮನೆಯವರು ಕಾರು ಕೊಳ್ಳಲು ಹೋಗುತ್ತಾರೆ. ಆರು ಲಕ್ಷದ ಸಾಲ ಸಾಕೆಂದು ಹೊರಟವರು ಷೋರೂಮಿನ ತಂಪಿನಲ್ಲಿ ಒಂದು ಗಂಟೆ ಕುಳಿತು ಎದ್ದಾಗ ಸಾಲ ಎಂಟು ಲಕ್ಷ. ಶೇ. 9ರ ಬಡ್ಡಿ, ಏಳು ವರ್ಷದ ಕಂತು. ಆ ಎರಡು ಲಕ್ಷಕ್ಕಾಗಿ ತಿಂಗಳಿಗೆ ಹೆಚ್ಚಿಗೆ ಕಟ್ಟಬೇಕಾದದ್ದು ಸುಮಾರು 3,200 ರೂಪಾಯಿ. ಗ್ಯಾಸಿನಲ್ಲಿ ಇಪ್ಪತ್ತಾರು ವರ್ಷ ಉಳಿಸಿದ್ದು ಕಾರಿನ ಒಂದು ವರ್ಷದ ಹೆಚ್ಚುವರಿ ಕಂತಿಗೆ ಸರಿಹೋಗುತ್ತದೆ. ಆ ಒಂದು ಗಂಟೆಯಲ್ಲಿ ಸಿಲಿಂಡರು ಬರಿಸಿದವರ ಅಭಿಪ್ರಾಯ ಕೇಳಿದ್ದು ಬಣ್ಣದ ವಿಷಯಕ್ಕೆ ಮಾತ್ರ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಂಥ ಹೊತ್ತಿನಲ್ಲಿ ಯಾರಿಗೂ ನೆನಪಾಗುವುದಿಲ್ಲ. ಆ ಗಾದೆ ಹುಟ್ಟಿದಾಗ ಕಂತಿನ ಸಾಲ ಇರಲಿಲ್ಲವಲ್ಲ, ಪಾಪ. ಈಗ ಹಾಸಿಗೆಗೆ ಎಷ್ಟು ಬೇಕಾದರೂ ತೇಪೆ ಹಾಕಿ ಉದ್ದ ಮಾಡಿಕೊಡಲು ಬ್ಯಾಂಕಿನವರೇ ಫೋನು ಮಾಡುತ್ತಾರೆ.

ಹೆಂಗಸರಿಗೆ ಇದೆಲ್ಲ ಮೊದಲೇ ತಿಳಿದಿತ್ತು. ಸಾಸಿವೆ ಡಬ್ಬಿ, ಅಕ್ಕಿ ಡಬ್ಬದ ತಳ, ಟ್ರಂಕಿನೊಳಗಿನ ರೇಷ್ಮೆ ಸೀರೆಯ ಮಡಿಕೆ ದುಡ್ಡು ಬಚ್ಚಿಡುವ ಜಾಗಗಳಾದದ್ದು ಅದಕ್ಕಾಗಿಯೇ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದಾಗ ಆ ದುಡ್ಡೆಲ್ಲ ಹೊರಗೆ ಬರಬೇಕಾಯಿತು. ಆಗ ಗಂಡಂದಿರು ನಗೆಚಾಟಿಕೆ ಮಾಡಿದರು, ನಾನೂ ಮಾಡಿದೆ. ಉಳಿಸಿದವಳು ಉಳಿಸಿದ್ದನ್ನು ಮನೆಯವರಿಂದಲೇ ಏಕೆ ಬಚ್ಚಿಡಬೇಕಾಯಿತು ಎಂದು ಯಾರೂ ಕೇಳಲಿಲ್ಲ. ಕಣ್ಣಿಗೆ ಬಿದ್ದ ನೀರಿಗೆ ತೂಬು ಎತ್ತುವವರಿದ್ದಾರೆ ಎಂದು ಗೊತ್ತಿದ್ದವರು ಮಾಡುವ ಕೆಲಸ ಅದು.

ದಿನಗೂಲಿಯ ಮನೆಯಲ್ಲಿ ಕಾರೂ ಇಲ್ಲ, ಕಂತೂ ಇಲ್ಲ, ಅಲ್ಲಿರುವುದೆಲ್ಲ ಹನಿಯೇ, ಅಲ್ಲಿ ಹನಿ ಉಳಿಸದೆ ಗತಿಯೇನು ಎಂದು ಕೇಳಬಹುದು. ಒಪ್ಪಿದೆ. ಆದರೆ ಅವರಿಗೆ ನಾವು ಹೇಳುವ ಬುದ್ಧಿಮಾತು ಅವರ ಕೈಗೆ ಎಟುಕುವುದಲ್ಲ. ತಿಂಗಳ ದಿನಸಿ ಒಟ್ಟಿಗೆ ತಂದರೆ ಅಗ್ಗ ಎನ್ನುತ್ತೇವೆ. ಒಟ್ಟಿಗೆ ತರಲು ಒಟ್ಟಿಗೆ ದುಡ್ಡು ಬೇಕು. ಸಂಜೆ ಕೂಲಿ ಬಟವಾಡೆಯಾದ ಮೇಲೆ ಕಾಲು ಕೆ.ಜಿ. ಬೇಳೆ ಕಟ್ಟಿಸಿಕೊಳ್ಳುವವರು ಕೆ.ಜಿ.ಯ ಲೆಕ್ಕದಲ್ಲಿ ನಮಗಿಂತ ಹೆಚ್ಚು ತೆರುತ್ತಾರೆ. ಅವರಿಗೆ ಮಿತವ್ಯಯ ಕಲಿಸಹೊರಡುವುದು ಅಧಿಕಪ್ರಸಂಗ.

ಹಾಗಾದರೆ ಮಾಡುವುದೇನು? ಗೃಹಜ್ಯೋತಿ ಯೋಜನೆ ತನಗೇ ಗೊತ್ತಿಲ್ಲದೆ ಒಂದು ದಾರಿ ತೋರಿಸಿತು. 2023ರ ಜುಲೈನಿಂದ ಜಾರಿಗೆ ಬಂದ ಈ ಉಚಿತ ಕರೆಂಟಿನ ಯೋಜನೆಯಲ್ಲಿ ಬಳಕೆ 200 ಯೂನಿಟ್ಟು ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. ಆ ಗೆರೆ ಎಲ್ಲರ ಕಣ್ಣಿಗೂ ಕಾಣುವುದರಿಂದ, ತಿಂಗಳ ಕೊನೆಗೆ ಮೀಟರ್ ಹತ್ತಿರ ಹೋಗಿ ಬಗ್ಗಿ ನೋಡುವ ಗಂಡಸರನ್ನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ‘ಗೀಸರ್ ಆಫ್ ಮಾಡಿದ್ದೀರಾ?’ ಎಂದು ಮಕ್ಕಳು ಅಪ್ಪನನ್ನು ಕೇಳುವ ಕಾಲ ಬಂತು. ಎಷ್ಟು ಬಳಸಿದ್ದೇವೆ, ಯಾರು ಬಳಸಿದ್ದಾರೆ ಎಂಬುದು ನಾಲ್ಕು ಜನಕ್ಕೂ ಗೊತ್ತಾದರೆ ಉಪದೇಶ ಬೇಕಾಗುವುದಿಲ್ಲ. ಹಿಂದೆ ಕೆರೆಗಳಿಗೆ ನೀರಗಂಟಿ ಇದ್ದ. ತೂಬು ಎತ್ತುತ್ತಿದ್ದವನು ಅವನೇ ಆದರೂ ಎಷ್ಟು ನೀರು, ಯಾರ ಗದ್ದೆಗೆ ಎಂದು ಊರಿಗೆಲ್ಲ ತಿಳಿದಿರುತ್ತಿತ್ತು.

ಕಳೆದ ಯುಗಾದಿಯಿಂದ ನಮ್ಮ ಫ್ರಿಜ್ಜಿನ ಪಕ್ಕದ ಮೊಳೆಗೆ ಒಂದು ನೂರು ಪುಟದ ನೋಟ್‌ಬುಕ್ ನೇತುಹಾಕಿದ್ದೇವೆ. ಖರ್ಚು ಮಾಡಿದವರು ತಮ್ಮ ಕೈಯಾರೆ ಬರೆಯಬೇಕು. ಹತ್ತು ರೂಪಾಯಿಯೂ ಸರಿ, ಕಂತಿನ ಹತ್ತು ಸಾವಿರವೂ ಸರಿ. ಐದು ಸಾವಿರ ದಾಟುವುದನ್ನು ನಾಲ್ವರೂ ಕೂತು ಮಾತಾಡದೆ ಕೊಳ್ಳುವಂತಿಲ್ಲ. 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯಲ್ಲಿ ನಗರದವರು ಅಕ್ಕಿ, ಗೋಧಿಯಂಥ ಧಾನ್ಯಕ್ಕೆ ಮಾಡುವ ಖರ್ಚಿನ ಎರಡು ಪಟ್ಟಿಗೂ ಹೆಚ್ಚನ್ನು ಪಾನೀಯ, ತಿಂಡಿ, ಸಿದ್ಧ ಆಹಾರಕ್ಕೆ ಸುರಿಯುತ್ತಾರೆಂದು ಓದಿದಾಗ, ಇದು ಯಾರ ಮನೆಯ ಮಾತೋ ಎಂದುಕೊಂಡಿದ್ದೆ. ಮೊದಲ ತಿಂಗಳ ಕೊನೆಗೆ ಪುಸ್ತಕ ಕೂಡಿದೆವು. ಅಕ್ಕಿಗೆ 1,150 ರೂಪಾಯಿ. ಆಫೀಸಿನ ಎದುರಿನ ದರ್ಶಿನಿಯ ಕಾಫಿ, ವಡೆಗೆ 2,310. ಆ ಸಾಲುಗಳೆಲ್ಲ ನನ್ನ ಅಕ್ಷರದಲ್ಲೇ ಇದ್ದವು.